ಫೋರ್ಟ್ ವಿಲಿಯಂನ ಎರಡು ಹೆಸರುಗಳ ಮೂಲವನ್ನು ಹುಡುಕುವ ಬಗೆ

ಸ್ಕಾಟ್ಲೆಂಡಿನ ಊರೊಂದರ ಹೆಸರಿನ ಮೂಲವನ್ನು ಹುಡುಕುವವರು ಅದರ ಇಂಗ್ಲಿಷ್ ಹೆಸರು ಅಲ್ಲಿನ ಹಳೆಯ ಭಾಷೆಯಾದ ಗೇಲಿಕ್‌ನ ಹೆಸರಿನ ಅನುವಾದವೆಂದು ಮೊದಲೇ ಭಾವಿಸದೆ, ಎರಡನ್ನೂ ಬೇರೆ ಬೇರೆಯಾಗಿ ಪರಿಶೀಲಿಸಬೇಕು. ಬೆನ್ ನೆವಿಸ್ ಪರ್ವತದ ಬುಡದಲ್ಲಿರುವ ಫೋರ್ಟ್ ವಿಲಿಯಂ ಇದಕ್ಕೆ ಬಹಳ ಒಳ್ಳೆಯ ಉದಾಹರಣೆ. 1654ರಲ್ಲಿ ಇಂಗ್ಲೆಂಡಿನ ಆಡಳಿತಗಾರ ಕ್ರಾಮ್‌ವೆಲ್‌ನ ಸೇನೆ ಕಟ್ಟಿದ್ದ ಕೋಟೆಯನ್ನು 1690ರಲ್ಲಿ ಮತ್ತೆ ಕಟ್ಟಿದಾಗ ಅದಕ್ಕೆ ಅಂದಿನ ದೊರೆ ವಿಲಿಯಂನ ಹೆಸರನ್ನಿಟ್ಟರು. ಪಕ್ಕದ ಊರು ರಾಣಿ ಮೇರಿಯ ಹೆಸರಿನಿಂದ ಮೇರಿಬರ್ಗ್ ಆಯಿತು. ಗೇಲಿಕ್ ಹೆಸರಿನಲ್ಲಾದರೋ ರಾಜನೂ ಇಲ್ಲ, ರಾಣಿಯೂ ಇಲ್ಲ. ಅದು 'ಅನ್ ಗೆರಸ್ತನ್', ಅಂದರೆ ಕಾವಲು ಪಡೆಯ ನೆಲೆ. ಆ ಪದವೂ ಇಂಗ್ಲಿಷಿನ 'ಗ್ಯಾರಿಸನ್' ಎಂಬುದರಿಂದ ಎರವಲು ಬಂದದ್ದೆಂಬುದನ್ನು ಗಮನಿಸಬೇಕು.

ಬಳಿಕ ಸುತ್ತಲಿನ ಹೆಸರುಗಳನ್ನು ಬಿಡಿಸಿ ನೋಡಬೇಕು. ಇನ್ವರ್‌ಲಾಕಿಯಲ್ಲಿರುವ 'ಇನ್ವರ್' ಎಂದರೆ ನದೀಮುಖ. ಗೇಲಿಕ್ ಬರಹದಲ್ಲಿ ಅಲ್ಲಿ ಬಿ, ಎಚ್ ಅಕ್ಷರಗಳಿವೆ; ಆ ಜೋಡಿ ಸಾಮಾನ್ಯವಾಗಿ 'ವ'ಕಾರವನ್ನು ಸೂಚಿಸುವುದರಿಂದ ಇಂಗ್ಲಿಷ್ ನಕ್ಷೆಗಳಲ್ಲಿ ವಿ ಅಕ್ಷರ ಬಂದಿದೆ. ಅರ್ಥ ಹೊಳೆದ ಮೇಲೆ ನೆಲವನ್ನು ನೋಡಿಯೇ ಒಪ್ಪಬೇಕು: ಲಾಕಿ ನದಿ ಕಡಲನ್ನು ಸೇರುವುದು ಅಲ್ಲಿಯೇ. ಹಳೆಯ ಕಾಗುಣಿತಗಳಿಗಾಗಿ ಬ್ರಿಟನ್ನಿನ ಸರಕಾರಿ ಭೂಮಾಪನ ಸಂಸ್ಥೆಯಾದ ಆರ್ಡ್‌ನೆನ್ಸ್ ಸರ್ವೆಯ ಹತ್ತೊಂಬತ್ತನೆಯ ಶತಮಾನದ ನಕ್ಷೆಗಳನ್ನೂ ಅವುಗಳ ಹೆಸರು ದಾಖಲೆ ಪುಸ್ತಕಗಳನ್ನೂ ಹೋಲಿಸಬೇಕು.