ಕೋಚ್ ಮನೆಯಲ್ಲಿ ಶರತ್ಕಾಲದ ಸಿನಿಮಾ: ಪಂದ್ಯಗಳ ನಡುವೆ ಬಿಡುವು ಮಾಡಿಕೊಳ್ಳುವ ಬಗೆ

ನಮ್ಮ ಮನೆಯಲ್ಲಿ ಶರತ್ಕಾಲ ಆರಂಭವಾಗುವುದು ಫ್ರಿಜ್ ಬಾಗಿಲಿಗೆ ಪಂದ್ಯಗಳ ವೇಳಾಪಟ್ಟಿ ಅಂಟಿದ ದಿನ. ಹೊರಗೆ ಎಲೆಗಳು ಇನ್ನೂ ಹಸಿರಾಗಿಯೇ ಇರುತ್ತವೆ. ಆದರೆ ನನ್ನ ಪತಿಯ ಚೀಲದೊಳಗೆ ಸೀಟಿ, ಸ್ಟಾಪ್‌ವಾಚ್, ಮಳೆಗೆ ಒಮ್ಮೆ ನೆನೆದು ಒಣಗಿ ಉಬ್ಬಿದ ಟಿಪ್ಪಣಿ ಪುಸ್ತಕ ಸೇರಿಕೊಂಡಿರುತ್ತವೆ, ಮುಂದಿನ ಮೂರು ತಿಂಗಳ ಸಂಜೆಗಳು ತಂಡದ ಪಾಲು ಎಂಬುದು ಯಾರೂ ಬಾಯಿಬಿಟ್ಟು ಹೇಳದೆಯೇ ತೀರ್ಮಾನವಾಗಿರುತ್ತದೆ. ಮನೆಯಲ್ಲಿ ಕುಳಿತು ಸಿನಿಮಾ ನೋಡಲು ವರ್ಷದಲ್ಲೇ ಅತ್ಯಂತ ಹಿತವಾದ ಕಾಲವೂ ಇದೇ ಎಂಬುದು ನಮ್ಮಂಥವರ ಹಣೆಬರಹ. ಸೆಪ್ಟೆಂಬರ್ 22 ಅಥವಾ 23ರ ವಿಷುವ ಕಳೆದ ಮೇಲೆ ಉತ್ತರಾರ್ಧಗೋಳದಲ್ಲಿ ರಾತ್ರಿ ಹಗಲಿಗಿಂತ ಉದ್ದವಾಗುತ್ತ ಹೋಗುತ್ತದೆ, ಕಿಟಕಿಯ ಪರದೆ ಎಳೆಯುವ ಮೊದಲೇ ಕೋಣೆ ಮಬ್ಬಾಗುತ್ತದೆ, ಹೊದಿಕೆ ಹೊದ್ದುಕೊಳ್ಳುವಷ್ಟು ಚಳಿಯೂ ಇರುತ್ತದೆ. ಸೋಫಾದ ಅರ್ಧ ಮಾತ್ರ ಖಾಲಿ. ದಕ್ಷಿಣಾರ್ಧಗೋಳದ ಓದುಗರು ಇದನ್ನು ಮಾರ್ಚ್‌ನಿಂದ ಲೆಕ್ಕ ಹಾಕಿಕೊಳ್ಳಬೇಕು. ಕೋಚ್‌ಗಳ ವಿಷಯದಲ್ಲಿ ಎರಡೂ ಗೋಳಗಳು ಒಂದೇ.

ಹನ್ನೊಂದು ಸೀಸನ್‌ಗಳನ್ನು ಹೀಗೆ ಕಳೆದಿದ್ದೇನೆ. ಅವುಗಳಲ್ಲಿ ಮೊದಲ ನಾಲ್ಕನ್ನು, ಅವರಿಗೆ ಬಿಡುವಾದಾಗ ಒಟ್ಟಿಗೆ ನೋಡೋಣ ಎಂದು ಕಾಯುವುದರಲ್ಲೇ ಹಾಳು ಮಾಡಿಕೊಂಡೆ. ಬಿಡುವು ಬರುವಷ್ಟರಲ್ಲಿ ಮರಗಳು ಬೋಳಾಗಿದ್ದವು. ಈಗ ನಾನು ಅನುಸರಿಸುವ ಕ್ರಮ ಬೇರೆ: ಸಿನಿಮಾವನ್ನು ಅವರ ಮನಸ್ಥಿತಿಗೆ ಅಥವಾ ನನ್ನ ಆಸೆಗೆ ಕಟ್ಟಿಹಾಕದೆ, ಫ್ರಿಜ್ ಮೇಲಿನ ಆ ಹಾಳೆಗೆ ಕಟ್ಟಿಹಾಕುತ್ತೇನೆ.

ವೇಳಾಪಟ್ಟಿಯನ್ನು ಸಿನಿಮಾ ನೋಡುವವರ ಕಣ್ಣಿನಿಂದ ಓದುವುದು

ಹಾಳೆ ಕೈಗೆ ಬಂದ ದಿನವೇ ಪೆನ್ಸಿಲ್ ಹಿಡಿದು ಕುಳಿತುಕೊಳ್ಳಿ. ಪಂದ್ಯದ ದಿನಗಳನ್ನು ಗುರುತಿಸುವುದು ಸುಲಭ. ಅವು ಮೊದಲೇ ಅಚ್ಚಾಗಿರುತ್ತವೆ. ನೀವು ಗುರುತಿಸಬೇಕಾದದ್ದು ಪಂದ್ಯದ ಹಿಂದಿನ ಸಂಜೆಯನ್ನು ಮತ್ತು ಮರುದಿನದ ಸಂಜೆಯನ್ನು. ಹಿಂದಿನ ಸಂಜೆ ಕೋಚ್ ಮನೆಯಲ್ಲೇ ಇದ್ದರೂ ಇಲ್ಲದವರಂತೆಯೇ: ಎದುರಾಳಿ ತಂಡದ ಆಟ ಅವರ ಕಣ್ಣ ಮುಂದೆ ಓಡುತ್ತಿರುತ್ತದೆ, ಚಿತ್ರದ ನಾಯಕಿ ಅಳುತ್ತಿರುವಾಗ ಅವರು ಎಡಬದಿಯ ರಕ್ಷಣೆಯ ಬಗ್ಗೆ ಯೋಚಿಸುತ್ತಿರುತ್ತಾರೆ. ಆ ಸಂಜೆಯನ್ನು ಜಂಟಿ ಸಿನಿಮಾಕ್ಕೆ ಇಡಬೇಡಿ. ಪಂದ್ಯದ ಮರುದಿನ ಮಾತ್ರ ಚಿನ್ನದಂಥದ್ದು. ಆಟಗಾರರಿಗೆ ವಿಶ್ರಾಂತಿ ಅಥವಾ ಹಗುರ ವ್ಯಾಯಾಮವಿರುತ್ತದೆ, ಕೋಚ್‌ನ ಗಂಟಲು ಕೂಗಿ ಕೂಗಿ ಒಡೆದಿರುತ್ತದೆ, ಆದ್ದರಿಂದ ಅವರು ಮಾತಾಡದೆ ಕುಳಿತುಕೊಳ್ಳಲು ಸಿದ್ಧರಿರುತ್ತಾರೆ.

ಹೊಸದಾಗಿ ಮದುವೆಯಾದವರು ಎಡವುವುದು ಇನ್ನೊಂದು ಕಡೆ. ಪಂದ್ಯ ಮುಗಿಯುವ ಹೊತ್ತನ್ನೇ ಕೋಚ್ ಮನೆ ತಲುಪುವ ಹೊತ್ತೆಂದು ಎಣಿಸಬೇಡಿ. ಸಲಕರಣೆಗಳನ್ನು ಎಣಿಸಿ ಬೀಗ ಹಾಕಬೇಕು, ಕಾಲು ಉಳುಕಿದ ಹುಡುಗನ ಮನೆಗೆ ಫೋನ್ ಮಾಡಬೇಕು, ಕೊನೆಯ ಆಟಗಾರನನ್ನು ಕರೆದೊಯ್ಯಲು ಅವನ ಅಪ್ಪ ಬರುವ ತನಕ ಗೇಟಿನ ಬಳಿ ನಿಲ್ಲಬೇಕು. ಬೇರೆ ಊರಿನ ಪಂದ್ಯವಾದರೆ ಬಸ್ಸಿನ ಪ್ರಯಾಣ ಬೇರೆ. ನಾನು ಸ್ಥಳೀಯ ಪಂದ್ಯಕ್ಕೆ ಎರಡು ಗಂಟೆ ಸೇರಿಸಿಕೊಳ್ಳುತ್ತೇನೆ, ಹೊರಗಿನ ಪಂದ್ಯವಿದ್ದ ರಾತ್ರಿಯನ್ನು ಪೂರ್ತಿ ನನ್ನದೆಂದೇ ಬರೆದುಕೊಳ್ಳುತ್ತೇನೆ. ಇಷ್ಟಾದ ಮೇಲೆ ತಿಂಗಳಿಗೆ ಮೂರು ಜಂಟಿ ಸಂಜೆ ಉಳಿದರೆ ಅದೇ ಬಹಳ. ಆ ಮೂರನ್ನು ಪಂದ್ಯಗಳ ಹಾಳೆಯಲ್ಲೇ, ಅದೇ ಬಣ್ಣದ ಶಾಯಿಯಲ್ಲಿ ಬರೆಯಿರಿ. ಕೋಚ್‌ಗಳು ಮನೆಯವರ ಬಾಯಿಮಾತನ್ನು ಮರೆಯುತ್ತಾರೆ, ವೇಳಾಪಟ್ಟಿಯನ್ನು ಮರೆಯುವುದಿಲ್ಲ.

ಒಂದು ಮನೆ, ಎರಡು ‘ಫಿಲ್ಮ್’

ಕ್ರೀಡಾ ತರಬೇತಿಯ ಮಾತಿನಲ್ಲಿ ‘ಫಿಲ್ಮ್’ ಎಂದರೆ ಪಂದ್ಯದ ದೃಶ್ಯಮುದ್ರಣ. ಪಂದ್ಯಗಳನ್ನು 16 ಮಿಲಿಮೀಟರ್ ರೀಲಿನಲ್ಲಿ ಚಿತ್ರೀಕರಿಸಿ ಗೋಡೆಯ ಮೇಲೆ ಓಡಿಸುತ್ತಿದ್ದ ಕಾಲದ ಪದ ಅದು. ರೀಲು ಹೋದರೂ ಹೆಸರು ಉಳಿದಿದೆ. ಹೀಗಾಗಿ ‘ಇವತ್ತು ರಾತ್ರಿ ಫಿಲ್ಮ್ ನೋಡೋಣವೇ?’ ಎಂದು ನನ್ನ ಪತಿ ಮದುವೆಯಾದ ಹೊಸದರಲ್ಲಿ ಕೇಳಿದಾಗ ನಾನು ದೀಪ ಆರಿಸಿ, ಕುರುಕಲು ತಿಂಡಿ ತಂದಿಟ್ಟು ಕಾದೆ. ಪರದೆಯ ಮೇಲೆ ಕಾಣಿಸಿದ್ದು ಮೇಲಿನಿಂದ ತೆಗೆದ ಮೈದಾನ, ಇರುವೆಗಳಂತೆ ಓಡುವ ಆಟಗಾರರು. ಒಂದೇ ಹತ್ತು ಸೆಕೆಂಡನ್ನು ಅವರು ಹದಿನಾಲ್ಕು ಸಲ ತೋರಿಸಿದರು.

ಈ ಎರಡಕ್ಕೂ ಬೇರೆ ಬೇರೆ ಜಾಗ ಗೊತ್ತುಪಡಿಸುವುದು ಅತ್ಯಗತ್ಯ. ಪಂದ್ಯದ ವೀಡಿಯೊ ಲ್ಯಾಪ್‌ಟಾಪ್‌ನಲ್ಲಿ, ಇನ್ನೊಂದು ಕೋಣೆಯ ಮೇಜಿನ ಮೇಲೆ, ಹೆಡ್‌ಫೋನ್ ಹಾಕಿಕೊಂಡು ನಡೆಯಲಿ. ದೊಡ್ಡ ಪರದೆ ಸಿನಿಮಾಕ್ಕಿರಲಿ. ಪಂದ್ಯದ ನೇರಪ್ರಸಾರವಿದ್ದರೆ ವಿನಾಯಿತಿ ಕೊಡಬಹುದು, ಅಷ್ಟು ಔದಾರ್ಯ ಇರಬೇಕು. ಆದರೆ ರಿಮೋಟ್ ಮಾತ್ರ ಎಂದಿಗೂ ಕೋಚ್ ಕೈಗೆ ಹೋಗಕೂಡದು. ಹಿಂದಕ್ಕೆ ಓಡಿಸಿ ನೋಡುವುದು ಅವರಿಗೆ ಉಸಿರಾಟದಷ್ಟೇ ಸಹಜ. ಒಮ್ಮೆ ನಾಯಕ ರೈಲಿನ ಹಿಂದೆ ಓಡುವ ಭಾವುಕ ದೃಶ್ಯವೊಂದರಲ್ಲಿ ನನ್ನ ಪತಿ ಚಿತ್ರವನ್ನು ನಿಲ್ಲಿಸಿ, ‘ನೋಡು, ಹಿಮ್ಮಡಿ ಊರಿ ಓಡುತ್ತಿದ್ದಾನೆ, ಇವನಿಗೆ ರೈಲು ಎಲ್ಲಿ ಸಿಗುತ್ತದೆ?’ ಎಂದರು. ರೈಲು ತಪ್ಪಿತೆಂಬುದು ನಿಜವಾದರೂ, ನನಗೆ ಬರಬೇಕಿದ್ದ ಅಳು ಬರಲೇ ಇಲ್ಲ.

ಟಿವಿಯನ್ನು ಮೈದಾನದಿಂದ ಸಿನಿಮಾಕ್ಕೆ ತರುವುದು

ಆಟ ನೋಡುವ ಮನೆಗಳ ಟಿವಿ ಸಾಮಾನ್ಯವಾಗಿ ‘ಸ್ಪೋರ್ಟ್ಸ್’ ಅಥವಾ ‘ವಿವಿಡ್’ ಎಂಬ ಆಯ್ಕೆಯಲ್ಲಿರುತ್ತದೆ. ಅದೇ ಆಯ್ಕೆಯಲ್ಲಿ ಶರತ್ಕಾಲದ ಚಿತ್ರ ನೋಡಿದರೆ ಅರ್ಧ ಸೊಗಸು ಹಾಳಾಗುತ್ತದೆ, ಅದಕ್ಕೆ ಕಾರಣ ಎರಡು. ಸಿನಿಮಾ ಸಾಮಾನ್ಯವಾಗಿ ಸೆಕೆಂಡಿಗೆ 24 ಚೌಕಟ್ಟುಗಳಲ್ಲಿ (ಫ್ರೇಮ್‌ಗಳಲ್ಲಿ) ಚಿತ್ರಿತವಾಗಿರುತ್ತದೆ, ಕ್ರೀಡಾ ಪ್ರಸಾರದಲ್ಲಿ ಚೆಂಡಿನ ಚಲನೆ ಸ್ಪಷ್ಟವಾಗಿ ಕಾಣಲೆಂದು 50 ಅಥವಾ 60 ಇರುತ್ತದೆ. ಸ್ಪೋರ್ಟ್ಸ್ ಆಯ್ಕೆಯಲ್ಲಿ ಟಿವಿಯು ಚೌಕಟ್ಟುಗಳ ನಡುವೆ ತಾನೇ ಊಹಿಸಿದ ಚೌಕಟ್ಟುಗಳನ್ನು ತುರುಕಿ ಚಲನೆಯನ್ನು ನುಣುಪು ಮಾಡುತ್ತದೆ. ಆಗ ಯಾವ ಚಿತ್ರವಾದರೂ ಸ್ಟುಡಿಯೋದಲ್ಲಿ ತೆಗೆದ ಧಾರಾವಾಹಿಯಂತೆ ಕಾಣುತ್ತದೆ. ಸೆಟ್ಟಿಂಗ್ಸ್‌ನಲ್ಲಿ ‘ಮೋಷನ್ ಸ್ಮೂತಿಂಗ್’ ಅಥವಾ ಅದಕ್ಕೆ ಹತ್ತಿರದ ಹೆಸರಿನ ಆಯ್ಕೆಯನ್ನು ಹುಡುಕಿ ಆಫ್ ಮಾಡಿಬಿಡಿ. ಎರಡನೆಯದು ಬಣ್ಣ. ಚಳಿ ಹತ್ತಿರವಾದಂತೆ ಎಲೆಗೆ ಹಸಿರು ಬಣ್ಣ ಕೊಡುವ ಹರಿತ್ತು ಕರಗಿ, ಅಲ್ಲಿಯವರೆಗೆ ಅದರ ಹಿಂದೆ ಮುಚ್ಚಿಹೋಗಿದ್ದ ಕ್ಯಾರೊಟಿನಾಯ್ಡ್‌ಗಳ ಹಳದಿ, ಕಿತ್ತಳೆ ಬಣ್ಣ ಹೊರಬರುತ್ತವೆ. ಕೆಂಪನ್ನು ಕೊಡುವ ಆಂಥೋಸಯನಿನ್ ಮಾತ್ರ ಆಗ ಹೊಸದಾಗಿ ತಯಾರಾಗುತ್ತದೆ. ಹಳದಿಗೂ ಕೆಂಪಿಗೂ ನಡುವಿನ ಈ ಹತ್ತಾರು ಛಾಯೆಗಳನ್ನು ಛಾಯಾಗ್ರಾಹಕ ಎಷ್ಟು ಜತನದಿಂದ ಹಿಡಿದಿದ್ದರೂ, ವಿವಿಡ್ ಆಯ್ಕೆ ಎಲ್ಲವನ್ನೂ ಒಂದೇ ಕಿತ್ತಳೆಯ ರಾಡಿಯಾಗಿಸುತ್ತದೆ. ‘ಸಿನಿಮಾ’, ‘ಮೂವಿ’ ಅಥವಾ ‘ಫಿಲ್ಮ್‌ಮೇಕರ್’ ಎಂಬ ಆಯ್ಕೆಗೆ ಬದಲಿಸಿ. ಮೊದಲ ಹತ್ತು ನಿಮಿಷ ಪರದೆ ಮಂಕಾಗಿ, ಹಳದಿಯಾಗಿ ಕಂಡರೂ ಆಮೇಲೆ ಕಣ್ಣು ಹೊಂದಿಕೊಳ್ಳುತ್ತದೆ.

ಉಳಿದವು ಸಣ್ಣ ಸಂಗತಿಗಳು. 55 ಇಂಚಿನ ಟಿವಿಗೆ ಸುಮಾರು ಎರಡು ಮೀಟರು ಅಥವಾ ಅದಕ್ಕಿಂತ ತುಸು ಹೆಚ್ಚು ದೂರ ಸಾಕು. ಕೋಣೆಯನ್ನು ಪೂರ್ತಿ ಕತ್ತಲು ಮಾಡುವ ಬದಲು ಟಿವಿಯ ಹಿಂದೆ ಒಂದು ಮಂದ ದೀಪವಿಟ್ಟರೆ ಕಣ್ಣಿಗೆ ಆಯಾಸ ಕಡಿಮೆ. ಧ್ವನಿಯಲ್ಲಿ ‘ನೈಟ್ ಮೋಡ್’ ಇದ್ದರೆ ಹಾಕಿಕೊಳ್ಳಿ. ಪಿಸುಮಾತು ಕೇಳಿಸುತ್ತದೆ, ಗುಡುಗು ತಗ್ಗುತ್ತದೆ, ಪಕ್ಕದಲ್ಲಿ ಮಲಗಿದವರಿಗೆ ಎಚ್ಚರವಾಗುವುದಿಲ್ಲ. ಪಕ್ಕದಲ್ಲಿ ಯಾರೋ ಮಲಗಿಯೇ ಇರುತ್ತಾರೆ, ಅದು ಮುಂದೆ ಬರುತ್ತದೆ.

ಫಲಿತಾಂಶ ನೋಡಿ ಚಿತ್ರ ಆರಿಸುವುದು

ಸೋತ ಪಂದ್ಯದ ಮರುದಿನ ಏನನ್ನು ಹಾಕಬಾರದು ಎಂಬುದನ್ನು ನಾನು ಅನುಭವದಿಂದ ಹೇಳಬಲ್ಲೆ. ಇಂಗ್ಮರ್ ಬರ್ಗ್‌ಮನ್ ಅವರ ‘ಆಟಮ್ ಸೊನಾಟಾ’ (1978) ಶ್ರೇಷ್ಠ ಚಿತ್ರ. ಸಂಗೀತ ಕಛೇರಿಗಳಿಗಾಗಿ ದೇಶದೇಶ ಸುತ್ತಿದ ಪಿಯಾನೋ ವಾದಕಿ ತಾಯಿಯಾಗಿ ಇಂಗ್ರಿಡ್ ಬರ್ಗ್‌ಮನ್, ಅವಳಿಗಾಗಿ ಕಾದು ಕಾದು ಬೆಳೆದ ಮಗಳಾಗಿ ಲಿವ್ ಉಲ್‌ಮನ್ ನಟಿಸಿದ್ದಾರೆ. ಇಬ್ಬರೂ ಒಂದು ರಾತ್ರಿ ಎದುರುಬದುರು ಕುಳಿತು ಎಷ್ಟೋ ವರ್ಷಗಳಿಂದ ನುಂಗಿಕೊಂಡದ್ದನ್ನೆಲ್ಲ ಆಡಿಬಿಡುತ್ತಾರೆ. ಮನೆಗಿಂತ ಹೆಚ್ಚು ಹೊತ್ತನ್ನು ಕಸುಬಿಗೆ ಕೊಟ್ಟವರ ಬಗೆಗಿನ ಇಂಥ ಚಿತ್ರವನ್ನು, ಮೂರು ಗೋಲುಗಳಿಂದ ಸೋತು ಬಂದ ಕೋಚ್ ಎದುರು ಹಾಕಿದರೆ ಅದು ಕಾಲು ಕೆರೆದು ಜಗಳಕ್ಕೆ ಹೋದಂತೆಯೇ. ನಾನು ಹಾಕಿದ್ದೆ, ಹೆಸರಿನಲ್ಲಿ ಶರತ್ಕಾಲವಿದೆಯಲ್ಲ ಎಂಬ ಒಂದೇ ಕಾರಣಕ್ಕೆ. ಚಿತ್ರ ಮುಗಿದ ಮೇಲೆ ಅವರು ಬಹಳ ಹೊತ್ತು ಸುಮ್ಮನಿದ್ದು, ‘ಇದನ್ನು ನನಗೆ ಹೇಳಬೇಕೆಂದೇ ಹಾಕಿದೆಯಾ?’ ಎಂದು ಕೇಳಿದರು. ಇಲ್ಲವೆಂದು ನಂಬಿಸಲು ಎರಡು ದಿನ ಬೇಕಾಯಿತು.

ಸೋಲಿಗೆ ಹೊಂದುವುದು ಹಗುರವಾದ, ನೂರು ನಿಮಿಷದೊಳಗೆ ಮುಗಿಯುವ ಚಿತ್ರ. ಹಿಚ್‌ಕಾಕ್ ಅವರ ‘ದಿ ಟ್ರಬಲ್ ವಿತ್ ಹ್ಯಾರಿ’ (1955) ನನ್ನ ಮೊದಲ ಆಯ್ಕೆ. ಅಮೆರಿಕದ ವರ್ಮಾಂಟ್‌ನ ಹಳ್ಳಿಯೊಂದರಲ್ಲಿ ಒಂದು ಹೆಣ ಸಿಗುತ್ತದೆ, ಅದನ್ನು ಹೂಳುವುದು, ಮತ್ತೆ ಅಗೆಯುವುದು, ಮತ್ತೆ ಹೂಳುವುದು ನಡೆಯುತ್ತದೆ, ಹಿನ್ನೆಲೆಯಲ್ಲಿ ಬೆಟ್ಟಗಳೆಲ್ಲ ಕೆಂಪು, ಹೊನ್ನು. ಚಿತ್ರತಂಡ ಅಲ್ಲಿಗೆ ಹೋದಾಗ ಬಿರುಗಾಳಿಯಿಂದ ಎಲೆಗಳು ಬಹುಪಾಲು ಉದುರಿಹೋಗಿದ್ದವು, ಹೀಗಾಗಿ ಸ್ಟುಡಿಯೋದ ಮರಗಳಿಗೆ ಎಲೆ ಅಂಟಿಸಿ ಚಿತ್ರೀಕರಿಸಬೇಕಾಯಿತು. ಮಳೆಯಿಂದ ಪಂದ್ಯ ರದ್ದಾದ ಸಂಕಟ ಗೊತ್ತಿರುವ ಕೋಚ್‌ಗಳಿಗೆ ಈ ಕಥೆ ಬಹಳ ಹಿಡಿಸುತ್ತದೆ.

ಗೆದ್ದ ವಾರ ಕ್ರೀಡಾ ಚಿತ್ರವನ್ನು ಧೈರ್ಯವಾಗಿ ಹಾಕಬಹುದು, ಆದರೆ ಅವರ ಟೀಕೆಗೂ ಸಿದ್ಧರಾಗಿರಿ. ‘ರಿಮೆಂಬರ್ ದ ಟೈಟನ್ಸ್’ (2000) ಚಿತ್ರದಲ್ಲಿ ಡೆನ್ಜೆಲ್ ವಾಷಿಂಗ್ಟನ್ ನಟಿಸಿರುವುದು ಹರ್ಮನ್ ಬೂನ್ ಎಂಬ ಕೋಚ್ ಪಾತ್ರದಲ್ಲಿ. ವರ್ಜೀನಿಯಾದ ಅಲೆಕ್ಸಾಂಡ್ರಿಯಾದಲ್ಲಿ ಬಿಳಿಯ ಮತ್ತು ಕಪ್ಪು ವಿದ್ಯಾರ್ಥಿಗಳನ್ನು ಒಂದೇ ಶಾಲೆಗೆ ಸೇರಿಸಿದ ಸಂದರ್ಭದ ಅಮೆರಿಕನ್ ಫುಟ್‌ಬಾಲ್ ತಂಡದ ಕಥೆಯದು. ಚಿತ್ರದಲ್ಲಿ ಅಂತಿಮ ಪಂದ್ಯ ಕೊನೆಯ ಕ್ಷಣದವರೆಗೆ ತೂಗಾಡುತ್ತದೆ. 1971ರಲ್ಲಿ ನಿಜವಾಗಿ ನಡೆದ ಆ ಪಂದ್ಯವನ್ನು ಅವರು ಗೆದ್ದದ್ದು 27–0 ಅಂತರದಿಂದ. ಇದನ್ನು ತಿಳಿದಾಗ ನನ್ನ ಪತಿಯ ಮುಖ ಅರಳಿತು: ‘ಕೊನೆಯ ನಿಮಿಷಕ್ಕೆ ಏನನ್ನೂ ಉಳಿಸದಿರುವುದೇ ಕೋಚಿಂಗ್. ಅದನ್ನು ಇವರು ಕತ್ತರಿಸಿ ಬಿಸಾಡಿದ್ದಾರೆ.’

ಪೂರ್ತಿ ನಿಮ್ಮದೇ ಆದ ರಾತ್ರಿಗಳಿಗೆ ಅವರು ಎಂದೂ ತಾಳ್ಮೆಯಿಂದ ನೋಡದಂಥ ಚಿತ್ರಗಳನ್ನು ಎತ್ತಿಟ್ಟುಕೊಳ್ಳಿ. ಜಪಾನಿನ ನಿರ್ದೇಶಕ ಒಝು ಅವರ ಕೊನೆಯ ಚಿತ್ರ ‘ಆನ್ ಆಟಮ್ ಆಫ್ಟರ್‌ನೂನ್’ (1962) ಅಂಥದ್ದು. ಮಗಳನ್ನು ಮದುವೆ ಮಾಡಿಕೊಟ್ಟು ಒಬ್ಬನೇ ಉಳಿಯುವ ತಂದೆಯ ಕಥೆಯಲ್ಲಿ ಕ್ಯಾಮೆರಾ ನೆಲದ ಸಮೀಪ ಅಲುಗದೆ ಕುಳಿತಿರುತ್ತದೆ. ಅದಕ್ಕಿಂತಲೂ ನಮಗೆ ಹತ್ತಿರವಾದದ್ದು ಡಗ್ಲಸ್ ಸರ್ಕ್ ಅವರ 89 ನಿಮಿಷಗಳ ‘ಆಲ್ ದಟ್ ಹೆವೆನ್ ಅಲೌಸ್’ (1955). ಜೇನ್ ವೈಮನ್ ನಟಿಸಿದ ವಿಧವೆಯೊಬ್ಬಳು ತನ್ನ ತೋಟ ನೋಡಿಕೊಳ್ಳುವ ಯುವಕನನ್ನು ಪ್ರೀತಿಸುತ್ತಾಳೆ. ಮಕ್ಕಳ ವಿರೋಧಕ್ಕೆ ಮಣಿದು ಅವನನ್ನು ಬಿಟ್ಟುಕೊಟ್ಟ ಮೇಲೆ, ಒಂಟಿತನಕ್ಕೆ ಜೊತೆಯಾಗಲೆಂದು ಅವರು ಅವಳಿಗೆ ಒಂದು ಟಿವಿಯನ್ನು ಉಡುಗೊರೆ ಕೊಡುತ್ತಾರೆ. ಹಚ್ಚಿರದ ಆ ಪರದೆಯಲ್ಲಿ ಅವಳಿಗೆ ಕಾಣಿಸುವುದು ತನ್ನದೇ ಮುಖ. ಹೊರಗಿನ ಪಂದ್ಯದ ರಾತ್ರಿಯೊಂದರಲ್ಲಿ ಈ ದೃಶ್ಯ ಬಂದಾಗ ನಾನು ಎದ್ದು ಕಿಟಕಿಯ ಬಳಿ ಸ್ವಲ್ಪ ಹೊತ್ತು ನಿಂತಿದ್ದೆ. ನಂತರದ ವಾರದಿಂದ, ಅದೇ ತಂಡದ ಸಹಾಯಕ ಕೋಚ್‌ನ ಹೆಂಡತಿಯನ್ನೂ ಚಿತ್ರಕ್ಕೆ ಕರೆಯತೊಡಗಿದೆ. ಅವರ ಸೋಫಾವೂ ಅರ್ಧ ಖಾಲಿ ಎಂಬುದು ಅಲ್ಲಿಯವರೆಗೆ ನನಗೆ ಹೊಳೆದಿರಲಿಲ್ಲ.

ಫೋನು ಮತ್ತು ನಿದ್ದೆ

ಫೋನನ್ನು ಪೂರ್ತಿ ಆಫ್ ಮಾಡಿಸಲು ಹೋಗಬೇಡಿ. ಗಾಯಗೊಂಡ ಆಟಗಾರನ ಮನೆಯವರ ಕರೆ ತಪ್ಪಿದರೆ ಚಿತ್ರದುದ್ದಕ್ಕೂ ಅವರ ಮನಸ್ಸು ಅಲ್ಲೇ ಇರುತ್ತದೆ. ಅದನ್ನು ಪಕ್ಕದ ಕೋಣೆಯಲ್ಲಿ ಗಂಟೆ ಕೇಳಿಸುವಂತೆ ಇಟ್ಟು, ಕರೆಗೆ ಮಾತ್ರ ಏಳುವುದು, ಸಂದೇಶಗಳಿಗೆ ಏಳುವಂತಿಲ್ಲ ಎಂದು ಒಪ್ಪಂದ ಮಾಡಿಕೊಳ್ಳಿ. ಅವರು ಎದ್ದು ಹೋದಾಗ ಚಿತ್ರವನ್ನು ಐದು ನಿಮಿಷ ನಿಲ್ಲಿಸಿ. ಆರನೆಯ ನಿಮಿಷಕ್ಕೆ ಮುಂದುವರಿಸಿ. ಅವರು ವಾಪಸ್ ಬಂದು ‘ಯಾರು ಸತ್ತರು?’ ಎಂದು ಕೇಳಿದರೆ ಒಂದೇ ವಾಕ್ಯದಲ್ಲಿ ಹೇಳಿ.

ನಿದ್ದೆಯನ್ನು ಮಾತ್ರ ತಡೆಯಲು ಹೋಗಬಾರದು. ಬೆಳಗಿನ ಆರಕ್ಕೆ ಮೈದಾನದಲ್ಲಿದ್ದವರು ರಾತ್ರಿ ಒಂಬತ್ತಕ್ಕೆ ಬೆಚ್ಚನೆಯ ಹೊದಿಕೆಯೊಳಗೆ ಕುಳಿತರೆ ಏನಾಗಬೇಕೋ ಅದೇ ಆಗುತ್ತದೆ. ನಾನು ಮೊದಮೊದಲು ಮೊಣಕೈಯಿಂದ ತಿವಿಯುತ್ತಿದ್ದೆ. ಈಗ ಟಿವಿ ಪಕ್ಕದಲ್ಲಿ ಒಂದು ಪುಟ್ಟ ನೋಟ್‌ಬುಕ್ ಇಟ್ಟಿದ್ದೇನೆ. ಅದರಲ್ಲಿ ಚಿತ್ರದ ಹೆಸರು, ಆ ವಾರದ ಪಂದ್ಯದ ಫಲಿತಾಂಶ, ಅವರು ನಿದ್ದೆಹೋದ ನಿಮಿಷ ಎಂದು ಮೂರು ಕಾಲಂಗಳಿವೆ. ಸೀಸನ್ ಮುಗಿದ ಮೇಲೆ, ಸೀಟಿ ಮತ್ತು ಸ್ಟಾಪ್‌ವಾಚ್ ಕಪಾಟು ಸೇರಿದ ಮೊದಲ ವಾರ, ಆ ಪುಟವನ್ನು ತೆಗೆದು ಒಂದೊಂದು ಚಿತ್ರವನ್ನೂ ಬಿಟ್ಟಲ್ಲಿಂದ ನೋಡುತ್ತೇವೆ. ಕಳೆದ ಸೀಸನ್‌ನ ಪುಟದಲ್ಲಿರುವ ಅತಿ ದೊಡ್ಡ ಸಂಖ್ಯೆ 61, ಅದೂ ಮಳೆಯಿಂದ ಅಭ್ಯಾಸ ರದ್ದಾದ ದಿನದ್ದು.