ಗ್ಯಾಲರಿಗೆ ಮೊದಲ ಫೋನು, ಮೊದಲ ಇಮೇಲ್

ಹೊಸ ಕಲಾವಿದರು ಬೆಂಗಳೂರಿನ ಗ್ಯಾಲರಿಗಳಿಗೆ ಬರೆಯುವ ಇಮೇಲ್‌ಗಳಲ್ಲಿ ಬಹುಪಾಲಿಗೆ ಉತ್ತರ ಬರುವುದಿಲ್ಲ. ಚಿತ್ರ ಚೆನ್ನಾಗಿಲ್ಲ ಅಂತಲೇ ಅಲ್ಲ. ಎಷ್ಟೋ ಸಲ ತಟ್ಟಿದ ಬಾಗಿಲೇ ಬೇರೆ, ಇಲ್ಲವೇ ಫೋನಿನಲ್ಲಿ ಮಾಡಬೇಕಾದ್ದನ್ನು ಇಮೇಲ್‌ನಲ್ಲಿ, ಇಮೇಲ್‌ನಲ್ಲಿ ಮಾಡಬೇಕಾದ್ದನ್ನು ಫೋನಿನಲ್ಲಿ ಮಾಡಿರುತ್ತಾರೆ. ಫೋನು ಇರುವುದು ಕೇಳಿ ತಿಳಿದುಕೊಳ್ಳಲು, ಇಮೇಲ್ ಇರುವುದು ಕೆಲಸ ತೋರಿಸಲು. ಇವೆರಡನ್ನೂ ಬೆರೆಸಬೇಡಿ.

ಯಾವ ಬಾಗಿಲು?

ಮೊದಲು ಜಾಗಗಳನ್ನು ವಿಂಗಡಿಸಿಕೊಳ್ಳಿ. ಕುಮಾರಕೃಪಾ ರಸ್ತೆಯ ಕರ್ನಾಟಕ ಚಿತ್ರಕಲಾ ಪರಿಷತ್ತಿನ ಗ್ಯಾಲರಿಗಳು, ಎಂ.ಜಿ. ರಸ್ತೆ ಮೆಟ್ರೊ ಬಳಿಯ ರಂಗೋಲಿ ಕಲಾ ಕೇಂದ್ರದಂಥವು ಬಾಡಿಗೆಗೆ ಸಿಗುವ ಜಾಗಗಳು. ಅಲ್ಲಿ ಕೇಳಬೇಕಾದ್ದು ದಿನಾಂಕ, ಬಾಡಿಗೆ, ಠೇವಣಿ, ಅರ್ಜಿ ನಮೂನೆ. ಗೋಡೆಗೆ ಮೊಳೆ ಹೊಡೆಯಬಹುದೋ, ತಂತಿಯಲ್ಲಿ ತೂಗುಹಾಕಬೇಕೋ, ದೀಪ ಯಾರದ್ದು, ಸಂಜೆ ಎಷ್ಟು ಗಂಟೆಗೆ ಬಾಗಿಲು ಹಾಕುತ್ತಾರೆ ಎಂಬುದನ್ನೂ ಆಗಲೇ ಕೇಳಿಬಿಡಿ. ತಿಂಗಳುಗಟ್ಟಲೆ ಮುಂಚೆಯೇ ದಿನಾಂಕ ಕಾದಿರಿಸಬೇಕಾಗುತ್ತದೆ. ಪರಿಷತ್ತಿನ ವಾರ್ಷಿಕ ಕಲಾಮೇಳ ಚಿತ್ರಸಂತೆ ಸಾಮಾನ್ಯವಾಗಿ ಜನವರಿಯಲ್ಲಿ ನಡೆಯುತ್ತದೆ. ಅದರ ಹಿಂದುಮುಂದಿನ ವಾರ ಪರಿಷತ್ತಿಗೆ ಫೋನು ಮಾಡಿ ಗ್ಯಾಲರಿ ವಿಷಯ ಎತ್ತಿದರೆ ಯಾರಿಗೂ ಪುರಸೊತ್ತಿರುವುದಿಲ್ಲ.

ವಿಲ್ಸನ್ ಗಾರ್ಡನ್‌ನಲ್ಲಿ 1996ರಿಂದ ಇರುವ ಗ್ಯಾಲರಿ ಸುಮುಖದಂಥವು ಬೇರೆ ಬಗೆಯವು. ಇಂಥ ಗ್ಯಾಲರಿಗಳು ತಾವೇ ಕಲಾವಿದರನ್ನು ಆರಿಸಿಕೊಂಡು, ಕೃತಿ ಮಾರಿ, ಅದರಲ್ಲಿ ಕಮಿಷನ್ ತೆಗೆದುಕೊಳ್ಳುತ್ತವೆ. ಇಲ್ಲಿ "ಹಾಲ್ ಬಾಡಿಗೆ ಎಷ್ಟು?" ಅಂತ ಕೇಳಿದರೆ ನೀವು ಆ ಜಾಗ ನೋಡೇ ಇಲ್ಲ ಅನ್ನುವುದು ಗೊತ್ತಾಗಿಬಿಡುತ್ತದೆ. ಶಾಂತಿನಗರದ 1ಶಾಂತಿರೋಡ್‌ನಂಥ ಕಲಾವಿದರೇ ನಡೆಸುವ ಜಾಗಗಳಿಗೆ ಮಾರಾಟಕ್ಕಿಂತ ಪ್ರಯೋಗ, ಮಾತುಕತೆ, ರೆಸಿಡೆನ್ಸಿ (ಕಲಾವಿದರು ಕೆಲವು ಕಾಲ ಅಲ್ಲೇ ಉಳಿದು ಕೆಲಸ ಮಾಡುವುದು) ಮುಖ್ಯ. ಅರಮನೆ ರಸ್ತೆಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ, ಕಸ್ತೂರಬಾ ರಸ್ತೆಯ ಮ್ಯಾಪ್ (ಮ್ಯೂಸಿಯಂ ಆಫ್ ಆರ್ಟ್ ಆ್ಯಂಡ್ ಫೋಟೊಗ್ರಫಿ) ಇವೆರಡೂ ವಸ್ತುಸಂಗ್ರಹಾಲಯಗಳು. "ನನ್ನ ಮೊದಲ ಪ್ರದರ್ಶನ ಮಾಡಿಕೊಡಿ" ಎಂದು ಬರೆಯುವ ವಿಳಾಸಗಳು ಅವಲ್ಲ.

ಪಟ್ಟಿ ಮಾಡುವಾಗ 40 ಹೆಸರು ಬೇಡ, ಆರೋ ಎಂಟೋ ಸಾಕು. ಒಂದೊಂದಕ್ಕೂ ಖುದ್ದಾಗಿ ಹೋಗಿ ಕನಿಷ್ಠ ಎರಡು ಪ್ರದರ್ಶನ ನೋಡಿ. ಅಲ್ಲಿ ತೂಗುಹಾಕಿದ ಕೆಲಸದ ಅಳತೆ ಎಷ್ಟು, ಮಾಧ್ಯಮ ಯಾವುದು, ಕಲಾವಿದರು ಎಷ್ಟು ವರ್ಷದಿಂದ ಕೆಲಸ ಮಾಡುತ್ತಿದ್ದಾರೆ ಎಂದು ಗಮನಿಸಿ. ಮೇಜಿನ ಮೇಲೆ ಬೆಲೆಪಟ್ಟಿ ಇರುತ್ತದೆ, ಇಲ್ಲದಿದ್ದರೆ ಕೇಳಿದರೆ ತೋರಿಸುತ್ತಾರೆ. ಕೆಂಪು ಚುಕ್ಕಿ ಅಂಟಿಸಿದ್ದರೆ ಆ ಕೃತಿ ಮಾರಾಟವಾಗಿದೆ ಎಂದರ್ಥ. ಯಾವ ಬೆಲೆಯವು ಮಾರಾಟವಾಗಿವೆ ಎಂಬುದು ನಿಮಗೆ ಮುಂದೆ ಬೇಕಾಗುವ ವಿಷಯ. ಪ್ರದರ್ಶನ ನೋಡಲು ಹೋದ ದಿನವೇ ಚೀಲದಿಂದ ನಿಮ್ಮ ಕ್ಯಾನ್ವಾಸ್ ಹೊರಗೆ ತೆಗೆಯಬೇಡಿ. ಅವತ್ತು ಅಲ್ಲಿರುವುದು ಇನ್ನೊಬ್ಬರ ಕೆಲಸ.

ಫೋನಿಗೂ ಮೊದಲು ಫೋಟೊ

ನಿಮ್ಮ ಕೃತಿಗಳ ಫೋಟೊ, ವಿವರಗಳ ಕಡತ (ಪೋರ್ಟ್‌ಫೋಲಿಯೊ) ಸಿದ್ಧವಾಗುವ ಮುಂಚೆ ಫೋನು ಮಾಡಬೇಡಿ. "ಸರಿ, ಇವತ್ತೇ ಕಳಿಸಿ" ಅಂದುಬಿಟ್ಟರೆ ರಾತ್ರಿ ಹತ್ತು ಗಂಟೆಗೆ ಟ್ಯೂಬ್‌ಲೈಟ್ ಕೆಳಗೆ ಫೋಟೊ ಹೊಡೆಯುವ ಪರಿಸ್ಥಿತಿ ಬರುತ್ತದೆ. ನೋಡುವವರ ಮುಂದೆ ನಿಮ್ಮ ಚಿತ್ರ ಇರುವುದಿಲ್ಲ, ಅದರ ಫೋಟೊ ಮಾತ್ರ ಇರುತ್ತದೆ. ಹಾಗಾಗಿ ಈ ಕೆಲಸಕ್ಕೆ ಎರಡು ಪೂರ್ತಿ ದಿನ ಎತ್ತಿಡಿ.

ಬೆಳಗ್ಗೆ ಹತ್ತರ ಹೊತ್ತಿಗೆ ನೇರ ಬಿಸಿಲು ಬೀಳದ ಹೊರಗಿನ ಗೋಡೆ ಹುಡುಕಿ. ಮೋಡ ಕವಿದ ದಿನ ಇನ್ನೂ ಒಳ್ಳೆಯದು, ಬೆಂಗಳೂರಿನ ಮಳೆಗಾಲದಲ್ಲಿ ಅಂಥ ಬೆಳಗುಗಳಿಗೆ ಬರವಿಲ್ಲ. ಒಳಗೆ ಕಿಟಕಿಯ ಬೆಳಕೂ ಬಲ್ಬಿನ ಬೆಳಕೂ ಒಟ್ಟಿಗೆ ಬಿದ್ದರೆ ಚಿತ್ರದ ಒಂದು ಬದಿ ನೀಲಿ, ಇನ್ನೊಂದು ಬದಿ ಹಳದಿ ಆಗುತ್ತದೆ. ಆಮೇಲೆ ಎಷ್ಟು ತಿದ್ದಿದರೂ ಸರಿಹೋಗುವುದಿಲ್ಲ. ಫ್ಲ್ಯಾಶ್ ಆರಿಸಿ. ಗಾಜಿನ ಚೌಕಟ್ಟಿದ್ದರೆ ಗಾಜು ತೆಗೆಯಿರಿ, ಇಲ್ಲದಿದ್ದರೆ ನಿಮ್ಮ ಮುಖವೇ ಚಿತ್ರದಲ್ಲಿ ಕಾಣುತ್ತದೆ. ಕ್ಯಾಮೆರಾ ಚಿತ್ರದ ನಟ್ಟನಡುವಿನ ಎತ್ತರದಲ್ಲಿ, ಚಿತ್ರಕ್ಕೆ ಸಮಾನಾಂತರವಾಗಿರಲಿ. ಹತ್ತಿರ ನಿಂತು ತೆಗೆದರೆ ಅಂಚುಗಳು ಹೊರಕ್ಕೆ ಉಬ್ಬುತ್ತವೆ. ಆರೆಂಟು ಅಡಿ ಹಿಂದೆ ಸರಿದು, ಫೋನಿನಲ್ಲಾದರೆ 2 ಪಟ್ಟು ಜೂಮ್ ಹಾಕಿ ತೆಗೆಯಿರಿ. ಚಿತ್ರದ ಪಕ್ಕ ಒಂದು ಬಿಳಿ ಎ4 ಹಾಳೆ ಇಟ್ಟು ಒಂದು ಫೋಟೊ ಹೆಚ್ಚಿಗೆ ತೆಗೆದುಕೊಂಡರೆ ಬಣ್ಣ ಹೊಂದಿಸುವಾಗ ಯಾವುದು ನಿಜವಾದ ಬಿಳಿ ಎಂದು ಗೊತ್ತಾಗುತ್ತದೆ. ಕತ್ತರಿಸುವಾಗ ಕ್ಯಾನ್ವಾಸಿನ ಅಂಚಿನವರೆಗೆ ಕತ್ತರಿಸಿ. ಗೋಡೆ, ಹಿಡಿದವರ ಬೆರಳು, ನೆಲದ ಟೈಲ್ಸ್ ಯಾವುದೂ ಬೇಡ. ಕಳಿಸುವ ಫೋಟೊದ ಉದ್ದನೆಯ ಬದಿ 2000 ಪಿಕ್ಸೆಲ್, ತೂಕ ಒಂದು ಎಂಬಿ ಒಳಗಿರಲಿ. ಮೂಲ ದೊಡ್ಡ ಕಡತವನ್ನು ಮುಟ್ಟದೆ ಬೇರೆ ಕಡೆ ಇಡಿ, ಮುಂದೆ ಕ್ಯಾಟಲಾಗ್ ಮುದ್ರಿಸುವವರು ಅದನ್ನೇ ಕೇಳುತ್ತಾರೆ. ಫೋಟೊಗಳನ್ನು ವಾಟ್ಸ್ಆ್ಯಪ್‌ನಲ್ಲಿ ನಿಮಗೆ ನೀವೇ ಕಳಿಸಿಕೊಂಡು ಕಂಪ್ಯೂಟರಿಗೆ ಇಳಿಸಬೇಡಿ, ಅದು ಕುಗ್ಗಿಸಿಬಿಡುತ್ತದೆ. ಬೇರೆ ದಾರಿಯೇ ಇಲ್ಲದಿದ್ದರೆ 'ಡಾಕ್ಯುಮೆಂಟ್' ಆಗಿ ಕಳಿಸಿ.

ಎಷ್ಟು ಚಿತ್ರ? ಹತ್ತರಿಂದ ಹನ್ನೆರಡು, ಒಂದೇ ಸರಣಿಯವು. ಒಂದು ಗಣಪತಿ, ಒಂದು ಹಂಪಿ ರಥ, ಒಂದು ಭಾವಚಿತ್ರ, ಎರಡು ಅಮೂರ್ತ ಹೀಗೆ ಸೇರಿಸಿ ಕಳಿಸುವವರು ತಮಗೆ ಎಲ್ಲವೂ ಬರುತ್ತದೆ ಎಂದು ತೋರಿಸಲು ಹೊರಟಿರುತ್ತಾರೆ. ನೋಡುವವರಿಗೆ ಮಾತ್ರ ಇನ್ನೂ ಏನೂ ನಿರ್ಧಾರವಾಗಿಲ್ಲ ಎಂದೇ ಕಾಣುತ್ತದೆ. ಕೈ ಎಷ್ಟು ಪಳಗಿದ್ದರೂ ಇದು ಹೊಡೆತ ಕೊಡುತ್ತದೆ.

ಎಲ್ಲವನ್ನೂ ಒಂದೇ ಪಿಡಿಎಫ್ ಮಾಡಿ, 8 ಎಂಬಿ ದಾಟದಂತೆ. ಮೊದಲ ಪುಟದಲ್ಲಿ ಹೆಸರು, ಫೋನು, ಇಮೇಲ್. ಆಮೇಲೆ ಪುಟಕ್ಕೊಂದು ಕೃತಿ, ಕೆಳಗೆ ವಿವರ. ಉದಾಹರಣೆಗೆ:

ಕೆರೆಯಂಗಳ, 2024. ಕ್ಯಾನ್ವಾಸ್ ಮೇಲೆ ಅಕ್ರಿಲಿಕ್. 91 × 61 ಸೆಂ.ಮೀ.

ಅಳತೆಯಲ್ಲಿ ಎತ್ತರ ಮೊದಲು, ಅಗಲ ಆಮೇಲೆ. ಇದನ್ನು ತಿರುಗಿಸಿ ಬರೆದರೆ ನಿಂತ ಚಿತ್ರ ಕಾಗದದ ಮೇಲೆ ಮಲಗುತ್ತದೆ, ಗೋಡೆಯ ಲೆಕ್ಕವೆಲ್ಲ ತಪ್ಪುತ್ತದೆ. ಕೊನೆಯಲ್ಲಿ ಒಂದು ಪುಟದ ಪರಿಚಯ, ಅದಕ್ಕೂ ಮುಂಚೆ ನಿಮ್ಮ ಕೆಲಸದ ಬಗ್ಗೆ 120–150 ಪದಗಳ ಹೇಳಿಕೆ.

ಹೇಳಿಕೆಯಲ್ಲಿ ಮುಗ್ಗರಿಸುವವರು ಬಹಳ. "ನನ್ನ ಕಲೆ ಅಂತರಂಗದ ಪಯಣ" ಎಂಬ ವಾಕ್ಯವನ್ನು ಯಾರ ಚಿತ್ರದ ಕೆಳಗೆ ಬೇಕಾದರೂ ಅಂಟಿಸಬಹುದು. "ಬೇಸಿಗೆಯಲ್ಲಿ ಬಿರುಕುಬಿಟ್ಟ ಕೆರೆಯ ಮಣ್ಣನ್ನು ಜರಡಿ ಹಿಡಿದು, ಅಕ್ರಿಲಿಕ್ ಮಾಧ್ಯಮಕ್ಕೆ ಬೆರೆಸಿ, ಕ್ಯಾನ್ವಾಸಿಗೆ ಮೂರು ಪದರ ಬಳಿಯುತ್ತೇನೆ" ಎಂದು ಬರೆದರೆ ಅದು ನಿಮ್ಮದು ಮಾತ್ರ. ಏನು ನೋಡುತ್ತೀರಿ, ಯಾವುದರಿಂದ ಮಾಡುತ್ತೀರಿ, ಹೇಗೆ ಮಾಡುತ್ತೀರಿ, ಇಷ್ಟು ಬರೆದರೆ ಸಾಕು.

ಕನ್ನಡದಲ್ಲಿ ಬರೆಯುವವರಿಗೆ ಒಂದು ಎಚ್ಚರಿಕೆ: ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ್ದನ್ನು ನಕಲಿಸಿ ಇಮೇಲ್‌ಗೆ ಹಾಕಿದರೆ ಆ ಕಡೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಾಣುತ್ತದೆ. ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಪಿಡಿಎಫ್ ಆದ ಮೇಲೆ ಬೇರೆಯವರ ಫೋನಿನಲ್ಲಿ ತೆರೆದು ಒತ್ತಕ್ಷರಗಳು ಒಡೆದಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ.

ಫೋನು: ಎರಡು ನಿಮಿಷದ ಮಾತು

ಬಹಳಷ್ಟು ಗ್ಯಾಲರಿಗಳಿಗೆ ಭಾನುವಾರ ಅಥವಾ ಸೋಮವಾರ ರಜೆ. ಮಂಗಳವಾರದಿಂದ ಶುಕ್ರವಾರದೊಳಗೆ, ಬೆಳಗ್ಗೆ ಹನ್ನೊಂದೂವರೆಯಿಂದ ಒಂದು ಗಂಟೆ ಅಥವಾ ಮಧ್ಯಾಹ್ನ ಮೂರರ ನಂತರ ಮಾಡಿ. ಹೊಸ ಪ್ರದರ್ಶನ ಉದ್ಘಾಟನೆಯ ದಿನ, ಅದರ ಹಿಂದಿನ ದಿನ ಬೇಡ. ಅವರು ಏಣಿಯ ಮೇಲಿರುತ್ತಾರೆ. ಸಿಗ್ನಲ್ಲಿನಲ್ಲಿ, ಬಸ್ಸಿನಲ್ಲಿ ನಿಂತು ಮಾತಾಡಬೇಡಿ. ಟ್ರೂಕಾಲರ್‌ನಲ್ಲಿ ನಿಮ್ಮ ನಂಬರಿಗೆ ಯಾವ ಹೆಸರು ಬರುತ್ತದೆ ಎಂದು ಮೊದಲೇ ನೋಡಿಕೊಳ್ಳಿ. 'ಸ್ಪ್ಯಾಮ್' ಅಂತ ಬಂದರೆ ಯಾರೂ ಎತ್ತುವುದಿಲ್ಲ.

"ನಮಸ್ಕಾರ ಮೇಡಂ. ನಾನು (ನಿಮ್ಮ ಹೆಸರು), ಮಲ್ಲೇಶ್ವರದಿಂದ ಮಾತಾಡ್ತಿದ್ದೀನಿ, ಚಿತ್ರ ಕಲಾವಿದೆ. ಒಂದು ನಿಮಿಷ ಮಾತಾಡಬಹುದಾ? ನಿಮ್ಮಲ್ಲಿ ಹೊಸ ಕಲಾವಿದರ ಪೋರ್ಟ್‌ಫೋಲಿಯೊ ನೋಡ್ತೀರಾ? ನೋಡೋದಾದ್ರೆ ಯಾರ ಹೆಸರಿಗೆ, ಯಾವ ಇಮೇಲ್‌ಗೆ ಕಳಿಸಲಿ?"

ನಿಮ್ಮ ಹೆಸರು ಮೊದಲ ವಾಕ್ಯದಲ್ಲೇ ಬರಲಿ, ಅದರಾಚೆ ಇಷ್ಟೇ. ಚಿತ್ರದ ವರ್ಣನೆಗೆ ಇಳಿಯಬೇಡಿ. ಫೋನಿನಲ್ಲಿ ಬಣ್ಣ ಕಾಣುವುದಿಲ್ಲ, ಎತ್ತಿದವರು ಆರಿಸುವವರೂ ಅಲ್ಲದಿರಬಹುದು. "ಆಫೀಸ್ ಇಮೇಲ್‌ಗೆ ಕಳಿಸಿ" ಅಂದರೆ, "ಕಳಿಸ್ತೀನಿ ಮೇಡಂ. ಅದನ್ನ ನೋಡೋರು ಯಾರು ಅಂತ ಹೇಳ್ತೀರಾ? ಅವರ ಹೆಸರು ಹಾಕಿ ಬರೀತೀನಿ" ಅನ್ನಿ. ಆ ಹೆಸರಿಗಾಗಿಯೇ ಈ ಫೋನು. "ಈಗ ತಗೋತಿಲ್ಲ" ಅಂದರೆ "ಮತ್ತೆ ಯಾವಾಗ ಕೇಳಲಿ?" ಎಂದು ಕೇಳಿ ಇಟ್ಟುಬಿಡಿ. ಇಮೇಲ್ ವಿಳಾಸವನ್ನು ಒಂದೊಂದೇ ಅಕ್ಷರ ತಿರುಗಿ ಓದಿ ಹೇಳಿ, ಡಾಟ್ ಇದೆಯೋ ಅಂಡರ್‌ಸ್ಕೋರೋ ಖಚಿತ ಮಾಡಿಕೊಳ್ಳಿ. ದಿನಾಂಕ, ಮಾತಾಡಿದವರು, ಹೇಳಿದ್ದು ಮೂರನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಫೋನು ಇಟ್ಟ ಕೂಡಲೇ ಆ ನಂಬರಿಗೆ ವಾಟ್ಸ್ಆ್ಯಪ್‌ನಲ್ಲಿ ಹದಿನೈದು ಫೋಟೊ ಸುರಿಯಬೇಡಿ, ಅವರೇ ಕೇಳಿದ್ದರೆ ಮಾತ್ರ ಕಳಿಸಿ.

ಇಮೇಲ್

ಖಾಸಗಿ ಗ್ಯಾಲರಿಗಳ ಪತ್ರವ್ಯವಹಾರ ಹೆಚ್ಚಾಗಿ ಇಂಗ್ಲಿಷಿನಲ್ಲಿ ನಡೆಯುತ್ತದೆ. ಸರಳ ಇಂಗ್ಲಿಷ್ ಸಾಕು. ಪರಿಷತ್ತು, ಲಲಿತಕಲಾ ಅಕಾಡೆಮಿಗಳಿಗೆ ಕನ್ನಡದಲ್ಲೇ ಬರೆಯಿರಿ. ಭಾಷೆ ಯಾವುದಾದರೂ ಕ್ರಮ ಇದೇ:

ವಿಷಯ: ಕೆರೆಮಣ್ಣು ಮತ್ತು ಅಕ್ರಿಲಿಕ್, 12 ಕೃತಿಗಳ ಸರಣಿ – (ನಿಮ್ಮ ಹೆಸರು), ಬೆಂಗಳೂರು

ಮಾನ್ಯರೇ,
ಮಂಗಳವಾರ ನಿಮ್ಮ ಕಚೇರಿಗೆ ಫೋನು ಮಾಡಿದಾಗ ಈ ವಿಳಾಸಕ್ಕೆ ಕಳಿಸಲು ತಿಳಿಸಿದರು. ಕಳೆದ ತಿಂಗಳು ನಿಮ್ಮಲ್ಲಿ ನಡೆದ ಕಾಗದದ ಕೃತಿಗಳ ಪ್ರದರ್ಶನ ನೋಡಿದ್ದೆ. ನನ್ನ ಕೆಲಸವೂ ವಸ್ತುವಿನ ಮೇಲ್ಮೈಗೆ ಸಂಬಂಧಿಸಿದ್ದು.
ಒಣಗಿದ ಕೆರೆಗಳ ಮಣ್ಣು ಬಳಸಿ ಎರಡು ವರ್ಷಗಳಿಂದ ಮಾಡುತ್ತಿರುವ ಸರಣಿಯ 12 ಕೃತಿಗಳ ಪಿಡಿಎಫ್ (6 ಎಂಬಿ) ಲಗತ್ತಿಸಿದ್ದೇನೆ. ಎರಡು ಚಿತ್ರಗಳು ಕೆಳಗಿವೆ.
ಗುಂಪು ಪ್ರದರ್ಶನಗಳಿಗೆ ಇದನ್ನು ಪರಿಗಣಿಸುವಿರಾ? ಮೂಲ ಕೃತಿಗಳನ್ನು ನನ್ನ ಸ್ಟುಡಿಯೊದಲ್ಲಿ ಯಾವ ಶನಿವಾರವಾದರೂ ನೋಡಬಹುದು.
(ಹೆಸರು, ಮೊಬೈಲ್)

'ಮಾನ್ಯರೇ' ಜಾಗದಲ್ಲಿ ಫೋನಿನಲ್ಲಿ ಸಿಕ್ಕ ಹೆಸರು ಹಾಕಿ. ಎರಡು ಚಿತ್ರಗಳನ್ನು ಇಮೇಲ್ ಒಳಗೇ ಹಾಕುವುದು ಮುಖ್ಯ. ಲಗತ್ತು ತೆರೆಯಬೇಕೋ ಬೇಡವೋ ಎಂಬುದು ಅವುಗಳನ್ನು ನೋಡಿಯೇ ತೀರ್ಮಾನವಾಗುವುದು. ಏಕವ್ಯಕ್ತಿ ಪ್ರದರ್ಶನಕ್ಕಿಂತ ಗುಂಪು ಪ್ರದರ್ಶನ ಕೇಳುವುದು ಮೊದಲ ಸಲಕ್ಕೆ ಸರಿಯಾದ ಅಳತೆ. ಒಬ್ಬರ 25 ಕೃತಿಗೆ ಗೋಡೆ ಕೊಡುವುದಕ್ಕಿಂತ ಇಬ್ಬರು ಮೂವರ ಜೊತೆ ನಾಲ್ಕು ಕೃತಿಗೆ ಜಾಗ ಕೊಡುವುದು ಗ್ಯಾಲರಿಗೆ ಹಗುರ.

ಜಿಮೇಲ್‌ನಲ್ಲಿ ಲಗತ್ತಿನ ಮಿತಿ 25 ಎಂಬಿ. ಅದನ್ನು ದಾಟಿದರೆ ಡ್ರೈವ್ ಕೊಂಡಿಯಾಗುತ್ತದೆ, ಅನುಮತಿ ಕೊಡಲು ಮರೆತಿರುತ್ತೀರಿ, ಆ ಕಡೆಯವರಿಗೆ 'ಪ್ರವೇಶ ಕೋರಿ' ಎಂಬ ಪುಟ ಬರುತ್ತದೆ. ಅಲ್ಲಿಗೆ ಮುಗಿಯಿತು. ಕೊಂಡಿ ಕಳಿಸಲೇಬೇಕಾದರೆ 'ಕೊಂಡಿ ಇರುವ ಯಾರಾದರೂ' ಎಂದು ಬದಲಿಸಿ, ಬ್ರೌಸರಿನ ಇನ್‌ಕಾಗ್ನಿಟೊ (ಲಾಗಿನ್ ಆಗದ) ಕಿಟಕಿಯಲ್ಲಿ ತೆರೆದು ನೋಡಿ. ಒಂದೇ ಇಮೇಲ್ ಅನ್ನು ಎಲ್ಲ ಗ್ಯಾಲರಿಗಳಿಗೂ ಒಟ್ಟಿಗೆ ಕಳಿಸಬೇಡಿ. ಒಂದು ಗ್ಯಾಲರಿಯ ಹೆಸರು ಇನ್ನೊಂದರ ಪತ್ರದಲ್ಲಿ ಉಳಿದುಬಿಡುವ ತಪ್ಪು ಆಗುವುದೇ ಹಾಗೆ.

ಮೂರು ವಾರ ಕಾಯಿರಿ. ಆಮೇಲೆ ಅದೇ ಇಮೇಲ್‌ಗೆ ಪ್ರತ್ಯುತ್ತರವಾಗಿ ಎರಡು ಸಾಲು. ಇನ್ನೂ ಮೂರು ವಾರ ಕಳೆದರೆ ಒಂದು ಫೋನು. ಆಮೇಲೂ ಮೌನವಾದರೆ ಆರು ತಿಂಗಳು ಬಿಟ್ಟು, ಹೊಸ ಕೆಲಸ ಇದ್ದರೆ ಮಾತ್ರ ಬರೆಯಿರಿ.

ಹೂಂ ಅಂದರೆ

ಮೊದಲ ಪ್ರಶ್ನೆ ಬೆಲೆ. "ನೀವೇ ಹೇಳಿ" ಅನ್ನಬೇಡಿ. ಚದರ ಇಂಚಿನ ಲೆಕ್ಕ ಇಲ್ಲಿ ರೂಢಿಯಲ್ಲಿದೆ. 36 × 24 ಇಂಚಿನ ಕ್ಯಾನ್ವಾಸ್ ಅಂದರೆ 864 ಚದರ ಇಂಚು. ಇಂಚಿಗೆ 20 ರೂಪಾಯಿ ಇಟ್ಟರೆ 17,280. ಕಮಿಷನ್ ಸಾಮಾನ್ಯವಾಗಿ ಶೇ 30ರಿಂದ 50. ಶೇ 40 ಆದರೆ ನಿಮ್ಮ ಕೈಗೆ 10,368 ಬರುತ್ತದೆ. ಕ್ಯಾನ್ವಾಸ್, ಬಣ್ಣ, ಚೌಕಟ್ಟಿನ ಖರ್ಚು ಅದರಲ್ಲೇ ಹೋಗಬೇಕು. ಗ್ಯಾಲರಿಯಲ್ಲಿ ಒಂದು ಬೆಲೆ, ಮನೆಗೆ ಬಂದವರಿಗೆ ಅರ್ಧ ಬೆಲೆ ಮಾಡಿದರೆ ಸುದ್ದಿ ಹಬ್ಬಲು ತಡವಾಗುವುದಿಲ್ಲ, ಆ ಗ್ಯಾಲರಿ ಮತ್ತೆ ಕರೆಯುವುದಿಲ್ಲ. ನಿಮ್ಮ ಕೆಲಸವನ್ನು 'ಆಯ್ಕೆ' ಮಾಡಿದ್ದೇವೆ ಎಂದು ಬರೆದು ಜೊತೆಗೇ ಹಣ ಕೇಳಿದರೆ, ಅದು ಬಾಡಿಗೆಯೇ. ಬಾಡಿಗೆ ಎಂದೇ ತೂಗಿನೋಡಿ ತೀರ್ಮಾನಿಸಿ.

ಕೃತಿ ಒಪ್ಪಿಸುವ ದಿನ ಬರವಣಿಗೆಯಲ್ಲಿ ರಸೀದಿ ಪಡೆಯಿರಿ. ಕೃತಿಗಳ ಪಟ್ಟಿ, ಅಳತೆ, ಬೆಲೆ, ಜಿಎಸ್‌ಟಿ ಸೇರಿದೆಯೋ ಇಲ್ಲವೋ, ಕಮಿಷನ್, ಎಷ್ಟು ದಿನ ಇಟ್ಟುಕೊಳ್ಳುತ್ತಾರೆ, ಮಾರಾಟವಾದ ಎಷ್ಟು ದಿನಕ್ಕೆ ಹಣ ಕೊಡುತ್ತಾರೆ, ಸಾಗಣೆ ಹೋಗುವಾಗ ಯಾರದು ಬರುವಾಗ ಯಾರದು, ಹಾನಿಯಾದರೆ ಯಾರು ಹೊಣೆ ಎಲ್ಲವೂ ಅದರಲ್ಲಿರಲಿ. ಟೆಂಪೊಗೆ ಏರಿಸುವ ಮುಂಚೆ ಪ್ರತಿ ಕ್ಯಾನ್ವಾಸಿನ ನಾಲ್ಕು ಮೂಲೆ ಮತ್ತು ಹಿಂಬದಿಯ ಫೋಟೊ ತೆಗೆದುಕೊಳ್ಳಿ. ಹಿಂಬದಿಯ ಮರದ ಪಟ್ಟಿಯ ಮೇಲೆ ನಿಮ್ಮ ಹೆಸರು, ಕೃತಿಯ ಹೆಸರು, ವರ್ಷ ಬರೆದು, ಮೇಲ್ಭಾಗ ಯಾವುದೆಂದು ಬಾಣದ ಗುರುತು ಹಾಕಿ.