ಕಾರಿನೊಳಗೆ ಮಳೆನೀರು: ಸೋರುವ ಜಾಗ ಹುಡುಕಿ ಮನೆಯಂಗಳದಲ್ಲೇ ಸರಿ ಮಾಡಿದ ಕ್ರಮ

ಎಡಗಡೆ ಮುಂದಿನ ಮ್ಯಾಟ್ ಎತ್ತಿ ಕಾರ್ಪೆಟ್ ಒತ್ತಿದಾಗ ನೀರು ಒಸರಿದರೆ ಸಿಲಿಕಾನ್ ಟ್ಯೂಬ್ ತರಲು ಅಂಗಡಿಗೆ ಓಡಬೇಡಿ. ಉಡುಪಿಯಲ್ಲಿ ನಾನು ಬಿಚ್ಚಿ ಸರಿ ಮಾಡಿದ 9 ವರ್ಷ ಹಳೆಯ ಹ್ಯಾಚ್‌ಬ್ಯಾಕಿನಲ್ಲಿ ಎದುರು ಗ್ಲಾಸಿನ ಅಂಚಿಗೆಲ್ಲ ಯಾರೋ ಮೊದಲೇ ಸಿಲಿಕಾನ್ ಮೆತ್ತಿದ್ದರು. ಆ ಗ್ಲಾಸು ಸೋರುತ್ತಲೇ ಇರಲಿಲ್ಲ. ವೈಪರ್ ಕೆಳಗೆ, ಎದುರು ಗ್ಲಾಸಿನ ಬುಡದಲ್ಲಿ ಪ್ಲಾಸ್ಟಿಕ್ ಮುಚ್ಚಳದ ಅಡಿ ಇರುವ ತೊಟ್ಟಿಗೆ ಕೌಲ್ ಎನ್ನುತ್ತಾರೆ; ಅದರ ತೂತು ಎಲೆಪುಡಿಯಿಂದ ಕಟ್ಟಿಕೊಂಡಿತ್ತು, ಎಡ ಬಾಗಿಲೊಳಗಿನ ಪ್ಲಾಸ್ಟಿಕ್ ಹಾಳೆ ಅಂಟು ಬಿಟ್ಟಿತ್ತು. ಎರಡೂ ಕಡೆಯ ನೀರು ಬಂದು ನಿಂತದ್ದು ಒಂದೇ ಜಾಗದಲ್ಲಿ. ಒಂದನ್ನು ಸರಿ ಮಾಡಿ ಬಿಟ್ಟಿದ್ದರೆ ಸೋರಿಕೆ ನಿಂತಿಲ್ಲ ಎಂದೇ ಅನಿಸುತ್ತಿತ್ತು.

ಕಾರಿನ ಮೈಯೊಳಗೆ ನೀರು ಇಳಿಯುವುದು ಸಹಜ. ಬಾಗಿಲ ಗಾಜಿನ ಹೊರಗಿನ ರಬ್ಬರ್ ಪಟ್ಟಿ (ಬೀಡಿಂಗ್) ದಾಟಿ ಮಳೆನೀರು ಬಾಗಿಲ ಹೊಟ್ಟೆಗೆ ಇಳಿಯುತ್ತದೆ, ಅಡಿಯ ತೂತುಗಳಿಂದ ಹೊರಗೆ ಬೀಳುತ್ತದೆ. ಎದುರು ಗ್ಲಾಸಿನ ನೀರು ಕೌಲ್‌ಗೆ ಇಳಿದು ಎರಡೂ ತುದಿಯಿಂದ ಕೆಳಗೆ ಸುರಿಯುತ್ತದೆ. ಸನ್‌ರೂಫ್ ಇದ್ದರೆ ಅದರ ಸುತ್ತಲೂ ದೋಣಿ, ಮೂಲೆಗಳಲ್ಲಿ ಕೊಳವೆ. ಹಂಚಿನ ಮಾಡಿನ ದೋಣಿಯಲ್ಲಿ ಕಸ ಕಟ್ಟಿದರೆ ನೀರು ಗೋಡೆಗೆ ಇಳಿಯುತ್ತದಲ್ಲ, ಇದೂ ಹಾಗೆಯೇ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ನಮ್ಮ ಕಡೆ, ಮಾವಿನ ಮರದಡಿ ನಿಲ್ಲಿಸುವ ಕಾರಿನಲ್ಲಿ ಹೊಸ ತೂತು ಬಿದ್ದಿರುವುದಕ್ಕಿಂತ ಹಳೆಯ ತೂತು ಮುಚ್ಚಿಹೋಗಿರುವ ಸಂಭವವೇ ಹೆಚ್ಚು. ಹಾಗಾಗಿ ಬಳಿಯುವ ಕೆಲಸ ಕೊನೆಗೆ, ಬಿಡಿಸುವ ಕೆಲಸ ಮೊದಲು.

ಮೊದಲು ಅದು ಯಾವ ನೀರು ಎಂದು ಗುರುತಿಸಬೇಕು. ಎರಡು ದಿನ ಮಳೆಯೇ ಇಲ್ಲ, ಎಸಿ ಹಾಕಿ ಓಡಿಸಿದ ಮೇಲೆ ಎಡ ಮುಂದಿನ ಸೀಟಿನ ಕಾಲಡಿ ಒದ್ದೆ ಎಂದಾದರೆ ಅದು ಎಸಿಯ ನೀರು. ನಮ್ಮ ಕರಾವಳಿಯ ಸೆಕೆಯಲ್ಲಿ ಎಸಿ ಹಾಕಿ ಹದಿನೈದು ನಿಮಿಷ ಎಂಜಿನ್ ಓಡಿಸಿದರೆ ಕಾರಿನ ಅಡಿಯಲ್ಲಿ, ಮುಂಭಾಗದಲ್ಲಿ, ನೀರು ತೊಟ್ಟಿಕ್ಕಲೇಬೇಕು. ತೊಟ್ಟಿಕ್ಕದಿದ್ದರೆ ಡ್ರೈನ್ ಪೈಪ್ ಕಟ್ಟಿದೆ. ಎಂಜಿನ್ ಕೋಣೆಯ ಹಿಂಗೋಡೆಯಿಂದ ಕೆಳಗೆ ಬಾಗಿ ಬರುವ ಸಣ್ಣ ರಬ್ಬರ್ ಪೈಪು ಅದು. ಅದರ ಬಾಯಿಗೆ ಮೆತ್ತನೆಯ ಕೊಳವೆ ಹಿಡಿದು ಹಗುರಾಗಿ ಗಾಳಿ ಊದಿದರೆ ಸಾಕು, ಕಟ್ಟಿದ ನೀರು ಒಮ್ಮೆಲೇ ಸುರಿಯುತ್ತದೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿ ಬಿಟ್ಟರೆ ಒಳಗಿನ ಜೋಡಣೆ ಕಳಚಿಕೊಳ್ಳಬಹುದು. ತಂತಿ ಆಳಕ್ಕೆ ತೂರಿಸಿದರೆ ಅಲ್ಯೂಮಿನಿಯಂ ಕೂಲಿಂಗ್ ಕಾಯಿಲ್ ತೂತಾಗಬಹುದು. ಅಡಿಗೆ ಹೋಗುವುದಾದರೆ ಜಾಕ್ ಒಂದನ್ನೇ ನಂಬಬೇಡಿ, ಸ್ಟ್ಯಾಂಡ್ ಕೊಡಿ.

ನೀರು ಬೆರಳಿಗೆ ಜಿಗುಟಾಗಿ, ಸಿಹಿ ವಾಸನೆ ಬಂದರೆ ಅದು ಎಂಜಿನ್ ತಣಿಸುವ ಕೂಲೆಂಟ್. ಕಾರಿನೊಳಗೆ ಬಿಸಿಗಾಳಿ ಕೊಡುವ ಸಣ್ಣ ರೇಡಿಯೇಟರ್ (ಹೀಟರ್ ಕೋರ್) ಸೋರುತ್ತಿದೆ, ಅದು ಗ್ಯಾರೇಜಿನ ಕೆಲಸ. ಕೆಂಪು ಮಣ್ಣಿನ ಗಸಿ ಇದ್ದರೆ ರಸ್ತೆಯ ನೀರು. ಮಂಗಳೂರಿನ ಕೊಟ್ಟಾರ ಚೌಕಿಯಲ್ಲೋ ಪಂಪ್‌ವೆಲ್‌ನಲ್ಲೋ ನಿಂತ ನೀರಿನಲ್ಲಿ ಹಾದುಬಂದ ಮೇಲೆ ಹೀಗಾಗಿದ್ದರೆ ಕಾರ್ಪೆಟ್ ಎತ್ತಿ ನೆಲದ ತಗಡಿನ ರಬ್ಬರ್ ಮುಚ್ಚಳಗಳನ್ನು ನೋಡಿ, ಒಂದು ಬಿದ್ದುಹೋಗಿರುತ್ತದೆ ಅಥವಾ ಗಟ್ಟಿಯಾಗಿ ಕುಗ್ಗಿರುತ್ತದೆ. ತಿಳಿನೀರಾದರೆ ಮಳೆಯದ್ದು. ಮುಂದಿನದೆಲ್ಲ ಅದರ ಬಗ್ಗೆ.

ಪರೀಕ್ಷೆಗೆ ಬೇಕಾದದ್ದು ತೋಟದ ಪೈಪು, ಟಾರ್ಚು, ಟಿಶ್ಯೂ ಪೇಪರ್, ಒಳಗೆ ಕೂರಲು ಇನ್ನೊಬ್ಬರು. ಬಾಗಿಲ ಮೆಟ್ಟಿಲಿನ ಪ್ಲಾಸ್ಟಿಕ್ ಪಟ್ಟಿಯನ್ನೂ ಕಾಲಿನ ಪಕ್ಕದ ಮುಚ್ಚಳವನ್ನೂ ಕಿತ್ತು, ಕಾರ್ಪೆಟ್ ಮಡಚಿ, ತಗಡು ಕಾಣುವಂತೆ ಮಾಡಿ ಒರೆಸಿಕೊಳ್ಳಿ. ಅನುಮಾನ ಇರುವಲ್ಲೆಲ್ಲ ಟಿಶ್ಯೂ ಅಂಟಿಸಿ. ಒಂದು ಹನಿ ಬಿದ್ದರೂ ಗೊತ್ತಾಗುತ್ತದೆ. ಪೈಪಿನ ತುದಿಗೆ ನಾಝಲ್ ಹಾಕದೆ ನೀರು ಸುಮ್ಮನೆ ಹರಿಯುವಂತೆ ಹಿಡಿಯಬೇಕು. ಪ್ರೆಶರ್ ವಾಷರ್ ಹೊಡೆದರೆ ಸರಿಯಿರುವ ಬೀಡಿಂಗ್ ಮೂಲಕವೂ ನೀರು ನುಗ್ಗಿ ದಾರಿ ತಪ್ಪಿಸುತ್ತದೆ.

ಕೆಳಗಿನಿಂದ ಮೇಲಕ್ಕೆ ಹೋಗಬೇಕು. ಬಾಗಿಲ ಕೆಳಭಾಗ, ಬಾಗಿಲ ಗಾಜು, ಕೌಲ್, ಎದುರು ಗ್ಲಾಸಿನ ಅಡಿ ಅಂಚು, ಪಕ್ಕದ ಅಂಚು, ಕಾರಿನ ಮಾಡು (ಚಾವಣಿ), ಆಂಟೆನಾ ಬುಡ. ಒಂದೊಂದಕ್ಕೂ ಐದು ನಿಮಿಷ. ಮಾಡಿನಿಂದಲೇ ಶುರು ಮಾಡಿದರೆ ಎಲ್ಲವೂ ಒಟ್ಟಿಗೆ ಒದ್ದೆಯಾಗಿ ಏನೂ ತಿಳಿಯುವುದಿಲ್ಲ. ಅವಸರ ಮಾಡಿದವರಿಗೆ ಈ ಹಂತವೇ ಕೈಕೊಡುವುದು. ಸಮತಟ್ಟು ನೆಲದಲ್ಲಿ ಏನೂ ಸೋರದಿದ್ದರೆ ಕಾರು ದಿನಾ ನಿಲ್ಲುವ ವಾಟದಲ್ಲೇ ನಿಲ್ಲಿಸಿ ಮತ್ತೆ ನೋಡಿ. ಕದ್ರಿಯ ಏರಿನಲ್ಲೋ ಮಣಿಪಾಲದ ಇಳಿಜಾರಿನಲ್ಲೋ ಮೂತಿ ಒಂದೇ ಕಡೆ ವಾಲಿ ನಿಲ್ಲುವ ಕಾರಿನಲ್ಲಿ ಡ್ರೈನ್ ತೂತು ಎತ್ತರದ ಬದಿಗೆ ಬಂದು, ನೀರು ಇನ್ನೊಂದು ಬದಿಯಲ್ಲಿ ಕಟ್ಟಿ ನಿಲ್ಲುತ್ತದೆ.

ಈ ಕಾರಿನಲ್ಲಿ ಕೌಲ್‌ಗೆ ನೀರು ಬಿಟ್ಟ ಮೂರನೇ ನಿಮಿಷಕ್ಕೆ ಎಸಿಯ ಗಾಳಿ ಊದುವ ಬ್ಲೋವರ್ ಅಡಿಯಿಂದ ಹನಿ ಇಳಿಯಿತು. ಅದಕ್ಕೂ ಮೊದಲೇ ಒಂದು ಸುಳಿವು ಇತ್ತು: ಒಳಗೆ ಬರುವ ಗಾಳಿ ಸೋಸುವ, ಗ್ಲೋವ್ ಬಾಕ್ಸ್ ಹಿಂದಿನ ಕ್ಯಾಬಿನ್ ಫಿಲ್ಟರ್ ಒದ್ದೆಯಾಗಿ, ಅಂಚಿನಲ್ಲಿ ಮಣ್ಣಿನ ಗೆರೆ ಬಿದ್ದಿತ್ತು. ಕೌಲ್‌ನಲ್ಲಿ ಹೊರಗಿನ ಗಾಳಿ ಎಳೆಯುವ ಬಾಯಿಯ ಸುತ್ತ ಒಂದು ಎತ್ತರದ ಅಂಚು ಇರುತ್ತದೆ. ಡ್ರೈನ್ ಕಟ್ಟಿ ನೀರು ಆ ಅಂಚು ದಾಟಿದರೆ ನೇರ ಫಿಲ್ಟರ್, ಬ್ಲೋವರ್, ಎಡ ಸೀಟಿನ ಕಾಲಡಿಯ ಕಾರ್ಪೆಟ್. ಫಿಲ್ಟರ್ ತೆಗೆದು ನೋಡಲು ಐದು ನಿಮಿಷ ಸಾಕು. ಬೇರೇನು ಮಾಡದಿದ್ದರೂ ಇದನ್ನೊಂದು ಮಾಡಿ.

ಕೌಲ್ ಬಿಚ್ಚಲು ವೈಪರ್ ಕೈ ತೆಗೆಯಬೇಕು. ವೈಪರ್ ಬ್ಲೇಡ್ ಗ್ಲಾಸಿನ ಮೇಲೆ ಎಲ್ಲಿ ನಿಂತಿದೆಯೋ ಅಲ್ಲಿ ಮಾಸ್ಕಿಂಗ್ ಟೇಪ್ ಅಂಟಿಸಿ ಗುರುತು ಮಾಡಿ, ಇಲ್ಲದಿದ್ದರೆ ಮತ್ತೆ ಕೂರಿಸಿದಾಗ ಬ್ಲೇಡ್ ಅಂಚಿಗೆ ಬಡಿಯುತ್ತದೆ. ಬುಡದ ಟೋಪಿ ತೆಗೆದರೆ ನಟ್ಟು. ಉಪ್ಪುಗಾಳಿಗೆ ವೈಪರ್ ಕೈ ತಾನು ಕೂತ ಕಬ್ಬಿಣದ ಕಡ್ಡಿಗೆ (ಸ್ಪಿಂಡಲ್) ಕಚ್ಚಿಕೊಂಡಿರುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಅರ್ಧ ಗಂಟೆ ಬಿಟ್ಟು ಆಚೀಚೆ ಅಲ್ಲಾಡಿಸಿ. ಸ್ಕ್ರೂಡ್ರೈವರನ್ನು ಗ್ಲಾಸಿಗೆ ಆನಿಸಿ ಮೀಟಿದರೆ ಗ್ಲಾಸಿಗೆ ಬಿರುಕು ಬರುತ್ತದೆ. ಪ್ಲಾಸ್ಟಿಕ್ ಕ್ಲಿಪ್‌ಗಳು ಬಿಸಿಲಿಗೆ ಪೆಡಸಾಗಿ ಒಂದೆರಡು ಮುರಿದೇ ಮುರಿಯುತ್ತವೆ, ಮೊದಲೇ ಆರು ಹೊಸದು ತಂದಿಟ್ಟುಕೊಳ್ಳಿ.

ಒಳಗೆ ಸಿಕ್ಕಿದ್ದು ಎರಡು ಬೊಗಸೆ ಕೊಳೆತ ಎಲೆ, ಮಾವಿನ ಹೂವಿನ ಪುಡಿ, ಮಣ್ಣು. ಕೈಯಿಂದಲೇ ಬಾಚಿ ತೆಗೆಯಬೇಕು, ನೀರು ಹೊಡೆದು ತೂತಿಗೆ ನೂಕಬಾರದು. ತೂತು ಬಿಡಿಸಲು ಹಿಡಿಸೂಡಿಯ ಒಂದು ಕಡ್ಡಿಗಿಂತ ಒಳ್ಳೆಯ ಸಾಧನ ನನಗೆ ಸಿಕ್ಕಿಲ್ಲ. ಬಾಗುತ್ತದೆ, ಪೇಂಟ್ ಕೆರೆಯುವುದಿಲ್ಲ. ಕೆಲವು ಕಾರುಗಳಲ್ಲಿ ತೂತಿನ ಬಾಯಿಗೆ ಕೊಕ್ಕಿನಂಥ ರಬ್ಬರ್ ಇರುತ್ತದೆ, ಕಸ ಅದರ ತುಟಿಯಲ್ಲೇ ಸಿಕ್ಕಿಕೊಳ್ಳುವುದು. ಅದನ್ನು ಹಿಂಡಿ ಬಿಡಿಸಿ. ಕೊನೆಗೆ ಒಂದು ಚೊಂಬು ನೀರು ಸುರಿದರೆ ಎರಡೂ ಬದಿಯಿಂದ ತಡವಿಲ್ಲದೆ ಕೆಳಗೆ ಬೀಳಬೇಕು.

ಬಾಗಿಲಿನದ್ದು ಇದಕ್ಕಿಂತ ತಾಳ್ಮೆಯ ಕೆಲಸ. ಮೆಟ್ಟಿಲಿನ ಪಕ್ಕದ ಕಾರ್ಪೆಟ್ ಅಂಚು ಮಾತ್ರ ಒದ್ದೆ, ಬಾಗಿಲ ಒಳಮುಖದ ಅಡಿಯಲ್ಲಿ ನೀರಿನ ಗೆರೆ ಎಂದಾದರೆ ಹಾಳೆಯ ದೋಷ. ಮೊದಲು ಬಾಗಿಲ ಅಡಿಯ ತೂತುಗಳಿಗೆ ಕಡ್ಡಿ ಹಾಕಿ. ಬಾಗಿಲು ಅಲ್ಲಾಡಿಸಿದಾಗ ನೀರು ಕುಲುಕುವ ಸದ್ದು ಬಂದರೆ ಅವು ಕಟ್ಟಿವೆ. ಆಮೇಲೆ ಒಳ ಪ್ಯಾನಲ್. ಹಿಡಿಯ ಹಿಂದೆ, ಕೈಯೂರುವ ಜಾಗದ ಕೆಳಗೆ ಸ್ಕ್ರೂ ಇರುತ್ತವೆ, ಸುತ್ತಲೂ ಕ್ಲಿಪ್. ಪ್ಲಾಸ್ಟಿಕ್ ಮೀಟುಗೋಲಿನಿಂದ ಕೆಳಮೂಲೆಯಿಂದ ಬಿಡಿಸಿಕೊಂಡು ಬಂದು, ವೈರ್ ಸಾಕೆಟ್ ಕಳಚಿದರೆ ಪ್ಯಾನಲ್ ಕೈಗೆ ಬರುತ್ತದೆ.

ಹಿಂದೆ ಸ್ಪೀಕರ್ ಹಾಕಿದವರೋ ಪವರ್ ವಿಂಡೋ ಸರಿ ಮಾಡಿದವರೋ ಆ ಹಾಳೆಯನ್ನು ಕೊಯ್ದು, ಹಾಗೆಯೇ ಒತ್ತಿ ಬಿಟ್ಟಿರುತ್ತಾರೆ. ಹಾಳೆಯನ್ನು ಹಿಡಿದಿಡುವ, ರಬ್ಬರಿನಂಥ ಕಪ್ಪು ಬ್ಯುಟೈಲ್ ಅಂಟಿಗೆ ಒಮ್ಮೆ ಮಣ್ಣು ಕೂತರೆ ಅದು ಮತ್ತೆ ಹಿಡಿಯುವುದಿಲ್ಲ. ಹಳೆಯ ಅಂಟು ತೆಗೆಯಲು ಅದನ್ನೇ ಉಂಡೆ ಮಾಡಿ ಉಳಿದದ್ದರ ಮೇಲೆ ಒತ್ತಿ ಒತ್ತಿ ಎಳೆಯಿರಿ, ಉಂಡೆಗೇ ಹತ್ತಿಕೊಂಡು ಬರುತ್ತದೆ. ಉಳಿದ ಜಿಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಬಟ್ಟೆಯಿಂದ ಒರೆಸಿ. ಹಾಳೆ ಚೆನ್ನಾಗಿದ್ದರೆ ಅದನ್ನೇ ಬಳಸಿ. ಹರಿದಿದ್ದರೆ 200 ಮೈಕ್ರಾನ್ ಪಾಲಿಥಿನ್ ಹಾಳೆಯನ್ನು ಹಳೆಯದರ ಮೇಲಿಟ್ಟು ಅದೇ ಅಳತೆಗೆ ಕತ್ತರಿಸಿ. ಬ್ಯುಟೈಲ್ ಟೇಪ್ ಎಲ್ಲಿಯೂ ತುಂಡಾಗದಂತೆ ಒಂದೇ ಎಳೆಯಾಗಿ ಸುತ್ತ ಬರಬೇಕು. ಅತಿ ಮುಖ್ಯ ಕೆಳ ಅಂಚು: ಅದು ಬಾಗಿಲ ಹೊಟ್ಟೆಯೊಳಕ್ಕೆ ತೂರಿರಬೇಕು. ಆಗ ಹಾಳೆಯ ಮೇಲೆ ಇಳಿದ ನೀರು ಒಳಗೇ ಬಿದ್ದು ತೂತಿನಿಂದ ಹೋಗುತ್ತದೆ. ತಗಡಿನ ಹೊರಗೆ ಇಳಿಬಿಟ್ಟರೆ ಎಷ್ಟು ಅಂಟು ಹಚ್ಚಿದರೂ ನೀರು ಕಾರ್ಪೆಟ್ಟಿಗೇ ಬರುತ್ತದೆ. ಪ್ಯಾನಲ್ ಮುಚ್ಚುವ ಮೊದಲೇ ಗಾಜಿನ ಮೇಲೆ ಐದು ನಿಮಿಷ ನೀರು ಬಿಟ್ಟು ನೋಡಿ.

ಬಾಗಿಲ ಚೌಕಟ್ಟಿನ ರಬ್ಬರ್ ಬೀಡಿಂಗ್‌ಗೆ ಚಾಕ್‌ಪೀಸ್ ಉಜ್ಜಿ ಬಾಗಿಲು ಮುಚ್ಚಿ ತೆಗೆದರೆ ತಗಡಿನ ಮೇಲೆ ಬಿಳಿ ಗೆರೆ ಬೀಳುತ್ತದೆ. ಗೆರೆ ಎಲ್ಲಿ ಕಡಿದಿದೆಯೋ ಅಲ್ಲಿ ಒತ್ತು ಸಾಲದು.

ಡಿಕ್ಕಿಯಲ್ಲಿ ಸ್ಟೆಪ್ನಿ ಗುಂಡಿಯಲ್ಲಿ ನೀರು ನಿಂತಿದ್ದರೆ ಟೈಲ್ ಲ್ಯಾಂಪ್ ಹಿಂದಿನ ಫೋಮ್ ಗ್ಯಾಸ್ಕೆಟ್ ಮೊದಲ ಅನುಮಾನ. ಲ್ಯಾಂಪ್ ಬಿಚ್ಚಿ, ಹೊಸ ಗ್ಯಾಸ್ಕೆಟ್ ಸಿಗದಿದ್ದರೆ ಬ್ಯುಟೈಲ್ ಟೇಪ್ ಸುತ್ತಿ ಕೂರಿಸಿ, ನಟ್ಟುಗಳನ್ನು ಸಮನಾಗಿ ಬಿಗಿಯಿರಿ. ಒಂದೇ ಬದಿ ಬಿಗಿದರೆ ಲ್ಯಾಂಪ್ ಒಡೆಯುತ್ತದೆ. ಹಿಂದಿನ ವೈಪರಿನ ನೀರಿನ ಪೈಪು ಕಳಚಿದ್ದರೂ ಡಿಕ್ಕಿ ಬಾಗಿಲು ಒಳಗಿಂದ ಒದ್ದೆಯಾಗುತ್ತದೆ.

ಸನ್‌ರೂಫ್ ಇರುವವರು ಮೂಲೆ ಮೂಲೆಗೆ ಅರ್ಧ ಲೋಟ ನೀರು ಹನಿಸಿ ಕೆಳಗೆ ಬರುತ್ತದೆಯೇ ನೋಡಿ. ಕಟ್ಟಿದ್ದರೆ ಹುಲ್ಲು ಕತ್ತರಿಸುವ ಯಂತ್ರದ ನೈಲಾನ್ ದಾರದ ತುದಿಯನ್ನು ಬೆಂಕಿಗೆ ಹಿಡಿದು ಗುಂಡಾಗಿಸಿ ನಿಧಾನಕ್ಕೆ ತೂರಿಸಿ. ಇಲ್ಲಿಯೂ ಕಂಪ್ರೆಸರ್ ಬೇಡ. ಕೊಳವೆ ಕಾರಿನ ಮಾಡು ಹೊರುವ ಕಂಬದೊಳಗೆ ಕಳಚಿದರೆ ಮಾಡಿನ ಬಟ್ಟೆಯನ್ನೇ ಇಳಿಸಬೇಕಾಗುತ್ತದೆ.

ಎದುರು ಗ್ಲಾಸೇ ಸೋರುತ್ತಿದೆ ಎಂದು ಖಚಿತವಾದರೆ ಮನೆಯಲ್ಲಿ ಮೆತ್ತಬೇಡಿ. ಗ್ಲಾಸನ್ನು ಹಿಡಿದಿಡುವುದು ಯುರೇಥೇನ್ ಅಂಟು, ಅದಕ್ಕೆ ಪ್ರೈಮರ್ ಬೇಕು, ಒಣಗುವ ಸಮಯ ಬೇಕು. ಅಪಘಾತದಲ್ಲಿ ಮಾಡು ಕುಸಿಯದಂತೆ ತಡೆಯುವುದರಲ್ಲಿ ಆ ಗ್ಲಾಸಿನ ಪಾಲಿದೆ. ಜೊತೆಗೆ, ಹುಳಿ ವಾಸನೆ ಬರುವ ಸಾಮಾನ್ಯ ಸಿಲಿಕಾನ್ ಅಸಿಟಿಕ್ ಆಮ್ಲ ಬಿಡುತ್ತದೆ, ಬರಿ ತಗಡಿಗೆ ತುಕ್ಕು ಹಿಡಿಸುತ್ತದೆ. ಅದರ ಮೇಲೆ ಯುರೇಥೇನ್ ಕೂಡ ಹಿಡಿಯುವುದಿಲ್ಲ. ಈ ಕಾರಿನ ಹಳೆಯ ಸಿಲಿಕಾನ್ ಕೆರೆದು ತೆಗೆಯಲು ನನಗೆ ಕೌಲ್ ಕೆಲಸಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

ಇನ್ನು ಒಣಗಿಸುವುದು. ಅರ್ಧಕ್ಕೆ ಬಿಟ್ಟರೆ ಮಾಡಿದ್ದೆಲ್ಲ ಹಾಳು. ಕಾರ್ಪೆಟ್ ಮೇಲೆ ಒಣಗಿದಂತೆ ಕಂಡರೂ ಅಡಿಯ ಫೋಮ್ ಲೀಟರ್‌ಗಟ್ಟಲೆ ನೀರು ಹಿಡಿದಿರುತ್ತದೆ. ಆಟಿ ತಿಂಗಳ (ಜುಲೈ–ಆಗಸ್ಟ್) ಜಡಿಮಳೆಯಲ್ಲಿ ಅದು ತಾನಾಗಿ ಆರುವುದೇ ಇಲ್ಲ, ವಾರದೊಳಗೆ ಬೂಸ್ಟು ಹಿಡಿದು ಮುಗ್ಗಲು ವಾಸನೆ ಹೊಡೆಯುತ್ತದೆ. ಸೀಟು ತೆಗೆಯಲೇಬೇಕು. ಮೊದಲು ಇಗ್ನಿಷನ್ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ಕಳಚಿ ಹತ್ತು ನಿಮಿಷ ಕಾಯಿರಿ. ಸೀಟಿನಡಿಯ ಹಳದಿ ಸಾಕೆಟ್ ಏರ್‌ಬ್ಯಾಗಿನದು, ಅದು ಕಳಚಿರುವಾಗ ಇಗ್ನಿಷನ್ ಆನ್ ಮಾಡಿದರೆ ಡ್ಯಾಶ್‌ಬೋರ್ಡಿನ ಏರ್‌ಬ್ಯಾಗ್ ದೀಪ ಉರಿಯುತ್ತಲೇ ಉಳಿದುಬಿಡುತ್ತದೆ. ಸೀಟಿಗೆ ಸಾಮಾನ್ಯವಾಗಿ ನಾಲ್ಕು ಬೋಲ್ಟು.

ವೆಟ್ ವ್ಯಾಕ್ಯೂಮ್ ಇದ್ದರೆ ಫೋಮ್‌ನಿಂದ ನೀರು ಎಳೆಯಿರಿ, ಇಲ್ಲದಿದ್ದರೆ ಹಳೆಯ ಬೈರಾಸು ಹಾಸಿ ಮೇಲೆ ನಿಂತು ಹಿಂಡಿ. ಆಮೇಲೆ ಕಾರ್ಪೆಟ್ ಅಡಿಗೆ ಮರದ ತುಂಡು ಕೊಟ್ಟು ಎತ್ತಿ, ಬಾಗಿಲಲ್ಲಿ ಟೇಬಲ್ ಫ್ಯಾನ್ ಇಟ್ಟು ಎರಡು ಮೂರು ದಿನ ಗಾಳಿ ಆಡಿಸಿ. ಫೋಮನ್ನು ಬಚ್ಚಲೊಲೆಯ ಹತ್ತಿರ ಒಣಗಿಸಬೇಡಿ, ಕಿಡಿ ತಾಗಿದರೆ ಸರ್ರನೆ ಹೊತ್ತಿಕೊಳ್ಳುತ್ತದೆ. ಬೂಸ್ಟಿಗೆ ಬಿಳಿ ವಿನೆಗರ್ ಮತ್ತು ನೀರು ಸಮಸಮ ಬೆರೆಸಿ ಸಿಂಪಡಿಸಿ ಬ್ರಷ್ ಮಾಡಿ. ಬ್ಲೀಚಿಂಗ್ ಬೇಡ, ಬಣ್ಣ ಹೋಗುತ್ತದೆ.

ತಗಡು ಬರಿದಾಗಿರುವಾಗಲೇ ತುಕ್ಕು ನೋಡಿಕೊಳ್ಳಿ. ತಂತಿ ಬ್ರಷ್, ಉಳಿದ ತುಕ್ಕನ್ನು ಗಟ್ಟಿ ಪದರವಾಗಿಸುವ ರಸ್ಟ್ ಕನ್ವರ್ಟರ್, ಒಣಗಿದ ಮೇಲೆ ಎರಡು ಕೋಟ್ ಪ್ರೈಮರ್, ಮೇಲೆ ಪೇಂಟ್. ಮೆಟ್ಟಿಲಿನ ಪಕ್ಕ ಹಾದುಹೋಗುವ ವೈರ್ ಸಾಕೆಟ್‌ಗಳನ್ನು ಬಿಚ್ಚಿ ನೋಡಿ. ಪಿನ್ ಹಸಿರುಗಟ್ಟಿದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆಯಿರಿ. ಕಾರು ಸೋರಿದ ಎಷ್ಟೋ ತಿಂಗಳ ಮೇಲೆ ಸೆಂಟ್ರಲ್ ಲಾಕ್ ಕೈಕೊಟ್ಟರೆ ಕಾರಣ ಹೆಚ್ಚಾಗಿ ಇಲ್ಲೇ ಇರುತ್ತದೆ.

ಎಲ್ಲ ಜೋಡಿಸುವ ಮೊದಲು ಮತ್ತೊಮ್ಮೆ ಅದೇ ಕ್ರಮದಲ್ಲಿ ಪೈಪ್ ಪರೀಕ್ಷೆ ಮಾಡಿ, ನಂತರ ಒಂದು ಜೋರು ಮಳೆ ಬಂದುಹೋಗುವವರೆಗೆ ಕಾರ್ಪೆಟ್ ಎತ್ತಿಯೇ ಇಡಿ. ಮುಂದೆ ಪ್ರತಿ ಮೇ ಕೊನೆಗೆ, ಮೊದಲ ಮಳೆಗೆ ಮುನ್ನ, ಬಾನೆಟ್ ತೆರೆದು ಕೌಲ್‌ನ ಎರಡೂ ತುದಿಗೆ ಹಿಡಿಸೂಡಿ ಕಡ್ಡಿ ಹಾಕಿ ಒಂದು ಚೊಂಬು ನೀರು ಸುರಿಯಿರಿ. ಸೆಪ್ಟೆಂಬರಿನೊಳಗೆ ಇನ್ನೆರಡು ಸಲ.